ಹಾರ್ನ್ ಸದ್ದಿಲ್ಲದ ಸೈಕಲ್ ಪ್ರವಾಸ: ಬೆಂಗಳೂರಿನಿಂದ ಬೆಲ್ಜಿಯಂನ ಲಿಂಬರ್ಗ್‌ಗೆ ಹೋಗುವವರಿಗೆ

ಬೆಂಗಳೂರಿನಲ್ಲಿ ಸೈಕಲ್ ಹುಚ್ಚು ಹತ್ತಿದವರಿಗೆಲ್ಲ ಒಂದು ಆಸೆ ಇದ್ದೇ ಇರುತ್ತದೆ. ಹಿಂದೆ ಯಾವ ಟಿಪ್ಪರ್ ಬರುತ್ತಿದೆ ಅಂತ ನೋಡದೆ ಇಡೀ ದಿನ ಸುಮ್ನೆ ತುಳಿಯುತ್ತಾ ಹೋಗಬೇಕು ಅಂತ. ನಂದಿಬೆಟ್ಟದ ದಾರಿಯಲ್ಲಿ ಬೆಳಗಿನ ಜಾವ ಐದಕ್ಕೆ ಹೊರಟರೂ ಏರ್‌ಪೋರ್ಟ್ ಟ್ಯಾಕ್ಸಿಗಳು ಕಿವಿ ಪಕ್ಕದಲ್ಲೇ ಉಜ್ಜಿಕೊಂಡು ಹೋಗುತ್ತವೆ, ಅಲ್ವಾ? ಕೆಲಸಕ್ಕೋ ಓದುವುದಕ್ಕೋ ಬೆಲ್ಜಿಯಂನ ಲೂವೆನ್, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಕಡೆ ಹೋಗುವ ನಮ್ಮವರು ಈಗ ಜಾಸ್ತಿ ಇದ್ದಾರೆ. ಅವರ ಮನೆಗೆ ಹೋಗುವ ಅಣ್ಣ, ತಂಗಿ, ಅಪ್ಪ, ಅಮ್ಮನೂ ಇದ್ದಾರೆ. ಅಂಥವರು ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂತ ಓಡುವ ಮೊದಲು ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯಕ್ಕೆ ಮೂರು ನಾಲ್ಕು ದಿನ ಎತ್ತಿಡಿ ಅನ್ನೋದು ನನ್ನ ಸಲಹೆ.

ಅಲ್ಲಿ ಏನಿದೆ? ಮರಳು ನೆಲ, ಪೈನ್ ಕಾಡು, ಹೀದರ್ ಗಿಡದ ಕುರುಚಲು ಬಯಲು, ಸಾವಿರಕ್ಕೂ ಹೆಚ್ಚು ಕೊಳಗಳು. ಬೆಟ್ಟ ಇಲ್ಲವೇ ಇಲ್ಲ ಅನ್ನಬಹುದು. ಇವೆಲ್ಲದರ ನಡುವೆ ಹಾದುಹೋಗುವ ಸೈಕಲ್ ದಾರಿಗಳು ಸಾವಿರಾರು ಕಿಲೋಮೀಟರ್ ಲೆಕ್ಕದಲ್ಲಿವೆ. ಎಲ್ಲವೂ ಗಾಡಿ ಇಲ್ಲದ ದಾರಿ ಅಂತ ತಿಳಿಯಬೇಡಿ. ಕೆಲವು ಕಡೆ ಹಳ್ಳಿ ರಸ್ತೆ ಬರುತ್ತದೆ, ಟ್ರಾಕ್ಟರ್ ಎದುರಾಗುತ್ತದೆ, ಮೊಪೆಡ್ ಒಂದು ಬುರ್ರೆಂದು ದಾಟುತ್ತದೆ. ಆದರೆ ಕಾಡು ಮತ್ತು ಬಯಲಿನ ಭಾಗಗಳಲ್ಲಿ ಸೈಕಲ್ ಬಿಟ್ಟರೆ ನಡೆಯುವವರು, ಅಷ್ಟೇ.

ಮೊದಲು ಕಲಿಯಬೇಕಾದದ್ದು ನಂಬರ್ ಪದ್ಧತಿ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ನಂಬರ್ ಇದೆ. ಕಂಬದ ಮೇಲಿನ ಫಲಕದಲ್ಲಿ ಈಗ ನೀವಿರುವ ನಂಬರ್ ಇರುತ್ತದೆ, ಮುಂದಿನ ನಂಬರ್‌ಗಳು ಯಾವ ಕಡೆ ಅಂತ ಬಾಣ ಇರುತ್ತದೆ. ನೀವು ಹಿಂದಿನ ರಾತ್ರಿ ನಕ್ಷೆ ನೋಡಿ 12, 47, 53, 60 ಅಂತ ನಿಮ್ಮ ಸಾಲು ಬರೆದುಕೊಂಡರೆ (ಇದು ಬರೀ ಉದಾಹರಣೆ), ಮಾರನೇ ದಿನ ಆ ನಂಬರ್ ಹಿಡಿದು ಹೋದರೆ ಸಾಕು. ಊರಿನ ಹೆಸರು ಓದಲು ಬರಬೇಕಿಲ್ಲ, ಡಚ್ ಬರಬೇಕಿಲ್ಲ, ಫೋನ್ ನೋಡುತ್ತಾ ತುಳಿಯಬೇಕಿಲ್ಲ. ಇದನ್ನು ಯೋಚಿಸಿದವರು ಹ್ಯೂಗೋ ಬೋಲೆನ್ ಅನ್ನುವ ಗಣಿ ಎಂಜಿನಿಯರ್. ಲಿಂಬರ್ಗ್ ಕಲ್ಲಿದ್ದಲಿನ ನಾಡಾಗಿತ್ತು. 1901ರಲ್ಲಿ ಆಸ್ ಎಂಬ ಊರಿನಲ್ಲಿ ಕಲ್ಲಿದ್ದಲು ಸಿಕ್ಕಿತು, ಕೊನೆಯ ಗಣಿ 1992ರಲ್ಲಿ ಮುಚ್ಚಿತು. ನೆಲದಡಿಯ ಕತ್ತಲಿನಲ್ಲಿ ದಾರಿ ತಪ್ಪದಿರಲಿ ಅಂತ ಸುರಂಗ ಕೂಡುವಲ್ಲೆಲ್ಲ ನಂಬರ್ ಹಾಕುತ್ತಿದ್ದರಂತೆ. ಅದನ್ನೇ ಮೇಲಕ್ಕೆ ತಂದು 1995ರಲ್ಲಿ ಸೈಕಲ್ ದಾರಿಗೆ ಹಾಕಿದರು. ಆಮೇಲೆ ನೆದರ್‌ಲ್ಯಾಂಡ್ಸ್‌ನವರೂ ಇದನ್ನೇ ತೆಗೆದುಕೊಂಡರು. ನಂಬರ್ ಜೋಡಿಸಿ ದೂರ ಲೆಕ್ಕ ಹಾಕಿಕೊಡುವ ಪುಕ್ಕಟೆ ಪ್ಲಾನರ್‌ಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ಕೂತೇ ಎಲ್ಲ ಮಾಡಿಟ್ಟುಕೊಳ್ಳಬಹುದು. ನಂಬರ್ ಸಾಲನ್ನು ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು, ಮೇಲೆ ಸೆಲ್ಲೋಟೇಪ್ ಅಂಟಿಸಿ, ಹ್ಯಾಂಡಲ್‌ಗೆ ಕಟ್ಟಿ. ಮಳೆಗೆ ಇಂಕು ಇಳಿಯುವುದಿಲ್ಲ, ಬ್ಯಾಟರಿ ಮುಗಿಯುವ ಭಯವೂ ಇಲ್ಲ. ಅಂದ ಹಾಗೆ ಅಲ್ಲಿ ಸೈಕಲ್ ತುಳಿಯುತ್ತಾ ಫೋನ್ ಕೈಯಲ್ಲಿ ಹಿಡಿದರೆ ದಂಡ ಇದೆ.

ಯಾವಾಗ ಹೋಗಬೇಕು? ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ. ಹೀದರ್ ಹೂ ಬಿಡುವುದು ಆಗಲೇ. ಮೊಣಕಾಲೆತ್ತರದ ಗಿಡಗಳು ಒಟ್ಟಿಗೆ ಅರಳಿ ಇಡೀ ಬಯಲು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹತ್ತಿರ ಬಗ್ಗಿ ನೋಡಿದರೆ ಒಂದೊಂದು ಹೂವೂ ಅಕ್ಕಿಕಾಳಿನಷ್ಟು ಸಣ್ಣದು, ಅದರ ಮೇಲೆಲ್ಲ ಜೇನುಹುಳ. ಈ ಬಯಲು ತಾನಾಗಿ ಉಳಿದದ್ದಲ್ಲ. ನೂರಾರು ವರ್ಷ ಕುರಿ ಮೇಯಿಸಿ, ಮೇಲ್ಮಣ್ಣು ಕೆತ್ತಿ ಕೊಟ್ಟಿಗೆಗೆ ಹಾಕಿದ್ದರಿಂದ ಹೀಗಾಗಿದೆ. ಮೇಯಿಸುವುದು ನಿಲ್ಲಿಸಿದರೆ ಪೈನ್ ಮತ್ತು ಬರ್ಚ್ ಮರ ನುಗ್ಗಿ ಕಾಡಾಗಿಬಿಡುತ್ತದೆ, ಅದಕ್ಕೇ ಈಗಲೂ ಕುರಿ ಬಿಡುತ್ತಾರೆ. ನಮ್ಮ ಹೆಸರಘಟ್ಟದ ಹುಲ್ಲುಗಾವಲನ್ನು ಖಾಲಿ ಜಾಗ, ಬಂಜರು ಅಂತ ಅನ್ನುವವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ, ಇರಲಿ.

ಬೆಂಗಳೂರಿನಲ್ಲಿ ಮಾಡಿಕೊಳ್ಳಬೇಕಾದ ತಯಾರಿಯೂ ಇದೆ. ಸಮತಟ್ಟು ನೆಲ, ಇನ್ನೇನು ಅಂತ ಅಸಡ್ಡೆ ಮಾಡಬೇಡಿ. ಇಳಿಜಾರೇ ಇಲ್ಲದಿದ್ದರೆ ಕಾಲಿಗೆ ಬಿಡುವೂ ಇಲ್ಲ, ಸೀಟಿನಿಂದ ಏಳುವ ಸಂದರ್ಭವೂ ಇಲ್ಲ. ಮೊದಲು ಸೋಲುವುದು ಕಾಲಲ್ಲ, ಕೂರುವ ಜಾಗ. ಹಾಗಾಗಿ ಶನಿವಾರ ಮೂರು ಗಂಟೆ, ಭಾನುವಾರ ಮತ್ತೆ ಮೂರು ಗಂಟೆ, ಹೀಗೆ ಬೆನ್ನುಬೆನ್ನಿಗೆ ತುಳಿದು ರೂಢಿ ಮಾಡಿಕೊಳ್ಳಿ. ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ ಏನನ್ನಿಸುತ್ತದೆ ಅನ್ನೋದೇ ಪರೀಕ್ಷೆ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಹೆಸರಘಟ್ಟ ಕೆರೆಯ ಸುತ್ತಮುತ್ತಲ ರಸ್ತೆಗಳು ಇದಕ್ಕೆ ಒಳ್ಳೆಯದು, ಬೆಳಿಗ್ಗೆ ಬೇಗ ಹೋದರೆ.

ಇನ್ನೊಂದು ಅಭ್ಯಾಸ ಕುತ್ತಿಗೆಗೆ. ಅಲ್ಲಿ ರಸ್ತೆಯ ಬಲಕ್ಕೆ ಹೋಗಬೇಕು. ಇಲ್ಲಿ ನಾವು ಹಿಂದೆ ನೋಡುವುದು ಬಲ ಭುಜದ ಮೇಲಿಂದ, ಅಲ್ಲಿ ಎಡ ಭುಜದ ಮೇಲಿಂದ. ಮನೆ ಹತ್ತಿರದ ಖಾಲಿ ಮೈದಾನದಲ್ಲಿ ಒಂದು ಸುಣ್ಣದ ಗೆರೆ ಎಳೆದು, ಅದರ ಮೇಲೇ ಹೋಗುತ್ತಾ ಎಡಕ್ಕೆ ತಿರುಗಿ ನೋಡಿ, ಎಡಗೈ ಚಾಚಿ. ಮೊದಮೊದಲು ಹ್ಯಾಂಡಲ್ ಕೂಡ ಎಡಕ್ಕೆ ಎಳೆಯುತ್ತದೆ. ಗೆರೆ ಬಿಡದೆ ಹೋಗುವಷ್ಟಾದರೆ ಸಾಕು. ಗಾಡಿ ಇಲ್ಲದ ದಾರಿಯಲ್ಲಿ ನಿಮಗೆ ಅಪಾಯ ತರುವುದು ಇನ್ನೊಬ್ಬರಲ್ಲ, ನಿಮ್ಮದೇ ಹಳೇ ರೂಢಿ. ತಿರುವು ದಾಟಿದ ಕೂಡಲೇ ಕೈ ತಾನಾಗಿ ಎಡಕ್ಕೆ ಹೋಗುತ್ತದೆ, ಎದುರಿನಿಂದ ಎಪ್ಪತ್ತು ದಾಟಿದ ಅಜ್ಜಿ ಎಲೆಕ್ಟ್ರಿಕ್ ಸೈಕಲ್‌ನಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರುತ್ತಿರುತ್ತಾರೆ.

ವೀಸಾ ವಿಷಯ ಬೇಗ ಮುಗಿಸುತ್ತೇನೆ. ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಬೇಕು, ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೆ ಅರ್ಜಿ. ಹೊರಡುವ ದಿನಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು, ಕಡೇ ಪಕ್ಷ ಹದಿನೈದು ದಿನ ಮೊದಲು ಹಾಕಿರಬೇಕು. ಆದರೆ ಕೊನೆ ಗಳಿಗೆವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವಿಮೆ ತೆಗೆದುಕೊಳ್ಳುವಾಗ ಸೈಕಲ್‌ನಿಂದ ಬಿದ್ದರೆ ಕೊಡುತ್ತಾರಾ ಅಂತ ಓದಿ ನೋಡಿ. ಬ್ರಸೆಲ್ಸ್‌ನಿಂದ ಲಿಂಬರ್ಗ್‌ನ ರಾಜಧಾನಿ ಹಾಸೆಲ್ಟ್‌ಗೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ, ಮುಂದೆ ಸ್ವಲ್ಪ ಹೋದರೆ ಗೆಂಕ್ ಊರು.

ಇಲ್ಲಿಂದ ಸೈಕಲ್ ಹೊತ್ತುಕೊಂಡು ಹೋಗುವ ಗೋಜು ಬೇಡ. ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ, ಅದೂ ಹೂವಿನ ಕಾಲದಲ್ಲಿ ಮೊದಲೇ ಬುಕ್ ಮಾಡಿ. ಅವರೆಲ್ಲ ಎತ್ತರದವರು, ಸೈಕಲ್ಲೂ ಹಾಗೇ. ನಿಮ್ಮ ಎತ್ತರ ಸೆಂಟಿಮೀಟರ್‌ನಲ್ಲಿ ಬರೆದು ಕಳಿಸಿ. ಕೈಗೆ ಕೊಟ್ಟ ಮೇಲೆ ಅಂಗಡಿ ಮುಂದೆಯೇ ಎರಡು ಸುತ್ತು ಹೊಡೆಯಿರಿ. ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ನಮ್ಮ ಕಡೆ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು, ಅಲ್ಲಿ ಹೆಚ್ಚಾಗಿ ಎಡಗೈಯದ್ದು. ಎಡಗೈ ಬ್ರೇಕನ್ನು ಅಭ್ಯಾಸಬಲದಿಂದ ಗಟ್ಟಿ ಒತ್ತಿದರೆ ಮುಂದಕ್ಕೆ ಬೀಳುವುದೇ. ಎರಡು, ಕೆಲವು ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ಒತ್ತಿದರೆ ಅದೇ ಬ್ರೇಕ್. ನಾವು ಸಿಗ್ನಲ್‌ನಲ್ಲಿ ನಿಂತು ಪೆಡಲನ್ನು ಹಿಂದೆ ತಿರುಗಿಸಿ ಮೇಲೆ ತಂದುಕೊಳ್ಳುತ್ತೇವಲ್ಲ, ಅದು ಅಲ್ಲಿ ನಡೆಯುವುದಿಲ್ಲ. ಬೇಡ ಅನ್ನಿಸಿದರೆ ಬೇರೆ ಸೈಕಲ್ ಕೇಳಿ. ತೀರಾ ತೆಳು ಟೈರ್ ಬೇಡ. ಮುಖ್ಯ ದಾರಿಗಳು ಡಾಂಬರು ಅಥವಾ ಕಾಂಕ್ರೀಟು, ನಿಜ. ಆದರೆ ಆಸೆಪಟ್ಟು ಕಾಡಿನ ಒಳದಾರಿಗೆ ಇಳಿದರೆ ಸಡಿಲ ಮರಳು ಸಿಗುತ್ತದೆ, ಮುಂದಿನ ಚಕ್ರ ಹೂತು ಹ್ಯಾಂಡಲ್ ಅಡ್ಡ ತಿರುಗುತ್ತದೆ. ಅಲ್ಲಿ ಶೌರ್ಯ ತೋರಿಸದೆ ಇಳಿದು ತಳ್ಳಿ.

ಸೈಕಲನ್ನು ರೈಲಿಗೆ ಹತ್ತಿಸಬಹುದು, ಅದಕ್ಕೆ ಬೇರೆ ಟಿಕೆಟ್. ಮಡಚುವ ಸೈಕಲ್‌ಗೆ ಟಿಕೆಟ್ ಬೇಕಿಲ್ಲ.

ಗೆಂಕ್‌ನಲ್ಲಿ ರೂಮ್ ಮಾಡಿಕೊಂಡು ದಿನಾ ಒಂದೊಂದು ದಿಕ್ಕಿಗೆ ಹೋಗಿ ಬರುವುದು ನನಗೆ ಸರಿ ಕಾಣುತ್ತದೆ. ಲಗೇಜು ಹೊರುವ ಕಷ್ಟ ಇರುವುದಿಲ್ಲ. ಮೊದಲ ದಿನ ಹತ್ತಿರದ ಬೋಕ್ರೈಕ್ ಉದ್ಯಾನ ಮತ್ತು ಅದರಾಚೆಯ ಕೊಳಗಳು. ಈ ಕೊಳಗಳನ್ನೂ ನಮ್ಮ ಕೆರೆಗಳ ಹಾಗೆ ಜನರೇ ಮಾಡಿದ್ದು, ಹಿಂದಿನ ಕಾಲದಲ್ಲಿ ಮೀನು ಸಾಕಲು. ಬೆಂಗಳೂರಿನಲ್ಲಿ ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುತ್ತಿದ್ದ ಕಥೆ ಗೊತ್ತಿದ್ದವರಿಗೆ ಇಲ್ಲಿ ಕಾಲುವೆ, ತೂಬು ನೋಡುತ್ತಾ ನಿಲ್ಲುವ ಹಾಗಾಗುತ್ತದೆ. ಒಂದು ಕೊಳದ ನಡುವೆಯೇ ಸೈಕಲ್ ದಾರಿ ಹಾದುಹೋಗಿದೆ. 2016ರಲ್ಲಿ ತೆರೆದದ್ದು, 212 ಮೀಟರ್ ಉದ್ದ, ಮೂರು ಮೀಟರ್ ಅಗಲ. ಸೇತುವೆ ಅಲ್ಲ, ನೀರನ್ನು ಸೀಳಿ ತಗ್ಗಿಗೆ ಇಳಿಸಿದ ದಾರಿ. ಸೀಟಿನ ಮೇಲೆ ಕೂತರೆ ಎರಡೂ ಕಡೆ ನೀರು ಕಣ್ಣಿನ ಮಟ್ಟಕ್ಕೆ ಇರುತ್ತದೆ, ಬಾತುಕೋಳಿ ನಿಮ್ಮ ಮುಖದ ನೇರಕ್ಕೇ ಈಜುತ್ತಿರುತ್ತದೆ. ಭಾನುವಾರ ಮಧ್ಯಾಹ್ನ ಹೋಗಬೇಡಿ, ಸೆಲ್ಫಿ ಜನ ತುಂಬಿರುತ್ತಾರೆ. ಬೆಳಿಗ್ಗೆ ಬೇಗ ಹೋಗಿ.

ಎರಡನೇ ದಿನ ಪೂರ್ವಕ್ಕೆ, ಹೋಹೆ ಕೆಂಪನ್ ರಾಷ್ಟ್ರೀಯ ಉದ್ಯಾನ. 2006ರಲ್ಲಿ ತೆರೆದ ಇದು ಬೆಲ್ಜಿಯಂನ ಮೊದಲ ರಾಷ್ಟ್ರೀಯ ಉದ್ಯಾನ. ಹೀದರ್ ಬಯಲಿನ ಮೇಲೆ 2021ರಲ್ಲಿ ಸುಮಾರು 300 ಮೀಟರ್ ಉದ್ದದ ಮರದ ಸೈಕಲ್ ಸೇತುವೆ ಕಟ್ಟಿದ್ದಾರೆ. ಈ ಕಡೆ ಮಾತ್ರ ಸಣ್ಣ ಏರು ಸಿಗುತ್ತದೆ. ಮಳೆ ಬಿದ್ದ ಮೇಲೆ ಮರದ ಹಲಗೆ ಜಾರುತ್ತದೆ, ಅದರ ಮೇಲೆ ತಟ್ಟನೆ ಬ್ರೇಕ್ ಹಾಕಬೇಡಿ. ಮೂರನೇ ದಿನ ಶಕ್ತಿ ಉಳಿದಿದ್ದರೆ ಉತ್ತರಕ್ಕೆ, ಹೆಕ್ಟೆಲ್-ಎಕ್ಸೆಲ್ ಹತ್ತಿರದ ಬೋಸ್‌ಲ್ಯಾಂಡ್ ಕಾಡು. ಅಲ್ಲಿ 2019ರಿಂದ 700 ಮೀಟರ್ ಉದ್ದದ ಸುತ್ತು ಸೇತುವೆ ಇದೆ. ನಿಧಾನಕ್ಕೆ ಏರುತ್ತಾ ಪೈನ್ ಮರಗಳ ನಡುವೆ ಹತ್ತು ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಅಷ್ಟೇ ನಿಧಾನಕ್ಕೆ ಇಳಿಸುತ್ತದೆ. ಗೆಂಕ್‌ನಿಂದ ಹೋಗಿ ಬರುವುದು 60 ಕಿಲೋಮೀಟರ್ ದಾಟುತ್ತದೆ, ಮಕ್ಕಳಿದ್ದರೆ ಅರ್ಧ ದೂರ ಬಸ್ಸೋ ಕಾರೋ ನೋಡಿಕೊಳ್ಳಿ.

ಬೆಟ್ಟ ಇಲ್ಲದ ಕಡೆ ಗಾಳಿಯೇ ಬೆಟ್ಟ. ಬಯಲಿಗೆ ಬಂದ ಕೂಡಲೇ ಎದುರುಗಾಳಿ ಹಿಡಿಯಿತು ಅಂದರೆ ಮುಗಿಯದ ಹೆಬ್ಬಾಳ ಫ್ಲೈಓವರ್ ಹತ್ತಿದ ಹಾಗೆ. ಅಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದಿಂದ. ಬೆಳಿಗ್ಗೆ ಹೊರಡುವ ಮುಂಚೆ ಗಾಳಿಯ ದಿಕ್ಕು ನೋಡಿ, ಮೈಯಲ್ಲಿ ಕಸುವಿರುವಾಗ ಎದುರುಗಾಳಿಗೆ ಹೋಗಿ, ವಾಪಸ್ ಬರುವಾಗ ಗಾಳಿ ಬೆನ್ನಿಗಿರಲಿ. ದಿನಕ್ಕೆ 40–50 ಕಿಲೋಮೀಟರ್ ಇಟ್ಟುಕೊಂಡರೆ ನಿಲ್ಲುತ್ತಾ, ತಿನ್ನುತ್ತಾ, ಫೋಟೋ ತೆಗೆಯುತ್ತಾ ಐದಾರು ಗಂಟೆ ಹಿಡಿಯುತ್ತದೆ.

ನಿಯಮಗಳಲ್ಲಿ ನಮಗೆ ಹೊಸದು ಬಲಗಡೆಯವರಿಗೆ ಮೊದಲ ದಾರಿ ಅನ್ನೋದು. ಫಲಕ, ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ನೀವು ನಿಲ್ಲಬೇಕು. ರಸ್ತೆ ಮೇಲೆ ಬಿಳಿ ತ್ರಿಕೋನಗಳ ಸಾಲು ನಿಮ್ಮ ಕಡೆ ಚೂಪಾಗಿದ್ದರೆ ಆಗಲೂ ನೀವೇ ನಿಲ್ಲಬೇಕು. ಹೆಲ್ಮೆಟ್ ಮಾಮೂಲಿ ಸೈಕಲ್‌ಗೆ ಕಡ್ಡಾಯವಲ್ಲ, ಆದರೂ ಹಾಕಿ. ಬೆಲ್ ಇರಲೇಬೇಕು. ಜನರನ್ನು ದಾಟುವಾಗ ಒಂದೇ ಸಲ ಟಿಣ್ ಅನ್ನಿಸಿ ಸಾಕು, ನಮ್ಮ ಹಾಗೆ ಬಾರಿಸುತ್ತಲೇ ಇದ್ದರೆ ತಿರುಗಿ ದುರುಗುಟ್ಟುತ್ತಾರೆ.

ಊಟ. ಸಸ್ಯಾಹಾರಿಗಳು ಇದನ್ನು ಗಮನ ಇಟ್ಟು ಓದಿ. ದಾರಿಯಲ್ಲಿ ಎಲ್ಲೆಲ್ಲೂ ಸಿಗುವ ಆಲೂಗಡ್ಡೆ ಫ್ರೈಸನ್ನು ಅಲ್ಲಿನ ಹಳೇ ಪದ್ಧತಿಯಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಲ್ಲ ಅಂಗಡಿಯಲ್ಲೂ ಅಲ್ಲ, ಆದರೆ ಕೇಳದೆ ತಿನ್ನಬೇಡಿ. ನಾನಾದರೆ ಚಪಾತಿ ಸುತ್ತಿ ಚಟ್ನಿಪುಡಿ, ಸೂಪರ್‌ಮಾರ್ಕೆಟ್‌ನ ಬಾಳೆಹಣ್ಣು ಮತ್ತು ಚೀಸ್ ಅನ್ನುವ ಪಂಗಡ. ಚಟ್ನಿಪುಡಿಗೆ ಕಲಸಲು ಇಲ್ಲಿಂದ ತುಪ್ಪ ಒಯ್ಯಬೇಡಿ, ಹೊರದೇಶದ ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ. ನಲ್ಲಿ ನೀರು ಕುಡಿಯಬಹುದು, ರೂಮಿನಲ್ಲೇ ಎರಡು ಬಾಟಲಿ ತುಂಬಿಸಿಕೊಂಡು ಹೊರಡಿ.

ಹುಳುಗಳ ಬಗ್ಗೆ ಯಾರೂ ಹೇಳುವುದಿಲ್ಲ. ಅಲ್ಲಿನ ಕುರುಚಲು ಗಿಡ, ಹುಲ್ಲಿನಲ್ಲಿ ಉಣುಗು ಇರುತ್ತದೆ. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದ ಉಣುಗಿನ ಭಯ ಗೊತ್ತು. ಅಲ್ಲಿನ ಉಣುಗು ಹರಡುವುದು ಲೈಮ್ ಅನ್ನುವ ಬೇರೆ ಕಾಯಿಲೆಯನ್ನು. ಹುಲ್ಲಿನ ಮೇಲೆ ಕೂತು ಊಟ ಮಾಡಿದ್ದರೆ ರಾತ್ರಿ ಸ್ನಾನದ ಹೊತ್ತಿಗೆ ಮೊಣಕಾಲ ಹಿಂದೆ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚರ್ಮಕ್ಕೆ ಒತ್ತಿ ಚಿಮಟದಿಂದ ನೇರವಾಗಿ ಎಳೆದು ತೆಗೆಯಿರಿ, ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ವೃತ್ತ ಹರಡಿದರೆ ಡಾಕ್ಟರ್ ಹತ್ತಿರ ಹೋಗಿ, ಬೆಂಗಳೂರಿಗೆ ವಾಪಸ್ ಬಂದಿದ್ದರೂ ಯುರೋಪಿನಲ್ಲಿ ಉಣುಗು ಕಚ್ಚಿತ್ತು ಅಂತ ಹೇಳಿ. ಜೂನ್, ಜುಲೈನಲ್ಲಿ ಹೋಗುವವರು ಓಕ್ ಮರದ ಕೆಳಗೆ ನಿಲ್ಲಬೇಡಿ. ಅದರಲ್ಲಿ ಸಾಲುಗಟ್ಟಿ ನಡೆಯುವ ಒಂದು ಜಾತಿ ಕಂಬಳಿಹುಳ ಇದೆ. ಮುಟ್ಟುವುದೇ ಬೇಡ, ಗಾಳಿಯಲ್ಲಿ ಉದುರಿದ ಕೂದಲು ತಾಗಿದರೂ ಮೈಯೆಲ್ಲ ತುರಿಕೆ.

ಮಳೆ ಯಾವ ತಿಂಗಳಲ್ಲೂ ಬರುತ್ತದೆ, ತೆಳುವಾದ ರೇನ್‌ಕೋಟ್ ಚೀಲದಲ್ಲೇ ಇರಲಿ. ಇಡೀ ದಿನ ಬಿಡದೆ ಸುರಿದರೆ ಗೆಂಕ್‌ನಲ್ಲೇ ಇರುವ ಸಿ-ಮೈನ್ ಎಂಬ ಹಳೇ ಗಣಿಗೆ ಹೋಗಿ, ಅಲ್ಲಿ ಗಣಿಯ ಉಕ್ಕಿನ ಗೋಪುರ ಹತ್ತಲು ಬಿಡುತ್ತಾರೆ, ಗಾಳಿ ಜೋರಿಲ್ಲದಿದ್ದರೆ.