ಮೇಡನ್ ಹಾಡುಗಳ ಕಾರ್ಡು ಕಟ್ಟು: ನನ್ನ ಅನುಭವ

ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡು ಐರನ್ ಮೇಡನ್ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ ಯಾವುದು ಅನ್ನುವ ಜಗಳ ನಮ್ಮ ಗುಂಪಿನಲ್ಲಿ ವರ್ಷಗಟ್ಟಲೆ ನಡೆಯಿತು. ಈಗ ಹೆಚ್ಚುಕಮ್ಮಿ ತೀರಿದೆ. ತೀರಿಸಿದ್ದು ನಾನು, ಒಂದೊಂದು ಹಾಡಿಗೆ ಒಂದೊಂದು ಕಾರ್ಡು ಬರೆದು. "ಕಾರ್ಡು ಬರೆದು ತೀರೋ ವಿಷಯ ಅಲ್ಲ ಇದು, ಸುಮ್ನೆ ಹಾಡು ಕೇಳು ಗುರೂ" ಅಂತ ನಕ್ಕವರೇ ಈಗ ನನ್ನ ಕಟ್ಟನ್ನು ಎರವಲು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಆಲ್ಬಮ್ ಹೊದಿಕೆಯ ಮೇಲಿನ ಎಡ್ಡಿ ಯಾರು, ಹಾಡುಗಾರ ಬ್ಲೇಜ್ ಯಾವಾಗ ಬಂದ ಯಾವಾಗ ಹೋದ, ಇದೆಲ್ಲ ಹೇಳುತ್ತಾ ಕೂರಲ್ಲ. ಇಲ್ಲಿವರೆಗೆ ಓದಿದವರಿಗೆ ಅದು ಗೊತ್ತಿರುತ್ತೆ.

ನಮ್ಮಲ್ಲಿ ಮೂರು ಪಕ್ಷ. ಜಯನಗರದ ಗಿಟಾರಿಸ್ಟ್ ಪ್ರಕಾರ ಮೇಡನ್ ಅಂದರೆ ಯುದ್ಧ, ಬೇರೆ ಮಾತೇ ಇಲ್ಲ. ಬಸವನಗುಡಿಯ ಮೇಷ್ಟ್ರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು, ಅವರಿಗೆ ಎಲ್ಲವೂ ಪುಸ್ತಕ: ಕೋಲ್‌ರಿಜ್, ಪೋ, ಟೆನಿಸನ್. ಮೂರನೆಯವನು ವಿಮಾನದ ಹುಚ್ಚ, ಏರೋ ಇಂಡಿಯಾ ಬಂದರೆ ರಜೆ ಹಾಕಿ ಯಲಹಂಕಕ್ಕೆ ಓಡುವವನು. ಬ್ಯಾಂಡಿನ ಹಾಡುಗಾರ ಬ್ರೂಸ್ ಡಿಕಿನ್ಸನ್ ಪೈಲಟ್ ಅಲ್ವಾ, ಹಾಗಾಗಿ ಹಾರಾಟವೇ ಮುಖ್ಯ ವಿಷಯ ಅಂತ ಅವನ ವಾದ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಶೋ ಮುಗಿಸಿಕೊಂಡು ಮೇಖ್ರಿ ಸರ್ಕಲ್‌ವರೆಗೆ ನಡೆಯುತ್ತಾ ಈ ಜಗಳ ಶುರುವಾಯಿತು. 2009ರಲ್ಲಿ ಬ್ಯಾಂಡು ಮತ್ತೆ ಬಂದು ಹೋಯಿತು, ಜಗಳ ಹಾಗೇ ಇತ್ತು.

ನಾನು ದಿನವಿಡೀ ಲೆಕ್ಕಪತ್ರ ನೋಡುವವನು. ಎಣಿಸಿದರೆ ಮುಗೀತು ಅಂದುಕೊಂಡೆ. 17 ಸ್ಟುಡಿಯೋ ಆಲ್ಬಮ್, ಹತ್ತಿರ ಹತ್ತಿರ 160 ಹಾಡು. ಅದರಲ್ಲಿ ನಾಲ್ಕಕ್ಕೆ ಮಾತೇ ಇಲ್ಲ, ಬರೀ ವಾದ್ಯ. ನನ್ನ ಹಳೇ ಕ್ಯಾಸೆಟ್‌ಗಳಲ್ಲಿ ಸಾಹಿತ್ಯ ಛಾಪಿಸಿರಲಿಲ್ಲ. ಒಳಗಿನ ಚೀಟಿಯಲ್ಲಿ ಬರೀ ಹಾಡಿನ ಹೆಸರು. ಹೊರಗಿನಿಂದ ಬಂದ ಸೀಡಿ ಬೇಕಾಯಿತು, ಹೊಸದಾದರೆ ಒಂದೊಂದಕ್ಕೆ 500-600 ರೂಪಾಯಿ. ಕೆಲವು ಹಳೇದು, ಕೆಲವು ಹೊಸದು, ಎಲ್ಲ ಸೇರಿ ಸುಮಾರು 7 ಸಾವಿರ ಅಲ್ಲೇ ಹೋಯಿತು. ಪುಸ್ತಿಕೆಗಳ ಝೆರಾಕ್ಸ್ ತೆಗೆಸಿ ಟೈಪ್ ಮಾಡಲು ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಅವರು ಜಾಗ ಉಳಿಸಲು ಚರಣಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಕೊಟ್ಟರು. ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಆಮೇಲೆ ಗೊತ್ತಾಯಿತು, ಇಡೀ ಗುಟ್ಟು ಇದ್ದಿದ್ದೇ ಚರಣ ಮುರಿಯುವ ಜಾಗದಲ್ಲಿ. ಟೈಪ್ ಮಾಡಿದ್ದಕ್ಕೆ ಅಂಗಡಿಗೆ ಕೊಟ್ಟ 2 ಸಾವಿರ ನೀರಲ್ಲಿ ಹೋಮ.

ಎಕ್ಸೆಲ್‌ನಲ್ಲಿ 'ವಾರ್' ಅಂತ ಹುಡುಕಿದೆ. 'ಏಸಸ್ ಹೈ' ಸಿಕ್ಕಿತು. ಗಿಟಾರಿಸ್ಟ್ ಕುಣಿದ. ಬಿಚ್ಚಿ ನೋಡಿದರೆ ಅಲ್ಲಿ ಇರುವುದು 'ವಾರ್ನ್ಸ್', ಸೈರನ್ ಎಚ್ಚರಿಸುತ್ತೆ ಅನ್ನುವ ಸಾಲು. ಇತ್ತ 'ದ ಟ್ರೂಪರ್' ಪಟ್ಟಿಗೆ ಬಂದಿದ್ದು 'ಟುವರ್ಡ್ಸ್' (towards) ಪದದ ಹೊಟ್ಟೆಯಲ್ಲಿರುವ ಮೂರು ಅಕ್ಷರದಿಂದ. 1854ರ ಬಾಲಕ್ಲಾವಾ ಕದನ, ಕುದುರೆ, ಹೊಗೆ, ರಷ್ಯನ್ನರ ಗುಂಡು ಎಲ್ಲ ಇದೆ, ಆ ಒಂದು ಪದ ಮಾತ್ರ ಇಲ್ಲ. 1998ರ 'ದಿ ಏಂಜೆಲ್ ಅಂಡ್ ದ ಗ್ಯಾಂಬ್ಲರ್'ನಲ್ಲಿ ಪಲ್ಲವಿ ಎಷ್ಟು ಸಲ ತಿರುಗುತ್ತೆ ಅಂದರೆ, ಅದರ ಪದಗಳು ಪಟ್ಟಿಯ ಮೇಲ್ತುದಿಗೆ ಬಂದು ಕೂತವು. ನಾನು ಕಾಪಾಡುವವನು ಅನ್ನಿಸಲ್ವಾ ಅಂತ ಕೇಳುವ ಪಲ್ಲವಿ ಅದು, ಆ ಲೆಕ್ಕದಲ್ಲಿ ಮೇಡನ್ ಜನರನ್ನು ಕಾಪಾಡುವ ಬ್ಯಾಂಡು ಆಗಬೇಕಿತ್ತು.

ಆಮೇಲೆ ವೋಟು. ಪ್ರತಿ ಹಾಡಿಗೆ ಒಂದು ವಿಷಯ ಬರೆಯಿರಿ ಅಂತ ಹಾಳೆ ಹಂಚಿದೆ. 'ಫ್ಲೈಟ್ ಆಫ್ ಇಕಾರಸ್'ಗೆ ಒಬ್ಬ ಹಾರಾಟ ಅಂತ ಬರೆದ, ಮೇಷ್ಟ್ರು ಗ್ರೀಕ್ ಪುರಾಣ ಅಂದರು, ಗಿಟಾರಿಸ್ಟ್ ಅಪ್ಪ-ಮಗ ಅಂತ ಬರೆದು ಪಕ್ಕದಲ್ಲಿ 'ಅದೂ ಯುದ್ಧವೇ' ಅಂತ ಸೇರಿಸಿದ. ಅವರವರ ಮೂಗಿನ ನೇರಕ್ಕೆ ಹಾಳೆ ತುಂಬಿತು. ಪ್ರತಿ ಭಾನುವಾರ ಕಬ್ಬನ್ ಪಾರ್ಕ್, ಆಮೇಲೆ ದೋಸೆ ಕಾಫಿ, ಬಿಲ್ಲು ಯಾವಾಗಲೂ ನನ್ನ ತಲೆಗೆ, ಯಾಕೆಂದರೆ ಸಭೆ ಕರೆದವನು ನಾನು. ತಿಂಡಿಗೆ ಆದ ಖರ್ಚು ಸೀಡಿ ಖರ್ಚಿಗೆ ಸಮ ಇರಬಹುದು.

ದಾರಿ ಸಿಕ್ಕಿದ್ದು ಮೇಷ್ಟ್ರು ಬೈದಾಗ. ಅದು ತಮ್ಮದೇ ಐಡಿಯಾ ಅಂತ ಅವರು ಈಗ ಹೇಳಿಕೊಂಡು ತಿರುಗುತ್ತಾರೆ, ಆದರೆ ಅವತ್ತು ಅವರು ಕೊಟ್ಟಿದ್ದು ಬೈಗುಳ ಮಾತ್ರ. "ಅಲ್ಲಪ್ಪಾ, ಶರೀಫರ ಪದದಲ್ಲಿ ಕೋಡಗ ಎಷ್ಟು ಸಲ ಬಂತು, ಕೋಳಿ ಎಷ್ಟು ಸಲ ಬಂತು ಅಂತ ಎಣಿಸ್ತೀಯೇನು? ತಂಗಿಗೆ ಹೇಳ್ತಿದಾರೆ, ಅದನ್ನ ನೋಡು ಮೊದಲು" ಅಂದರು. ಸರಿ, ಏನಿದೆ ಅಂತ ನೋಡುವುದು ಬಿಟ್ಟೆ. ಯಾರು ಹೇಳುತ್ತಾರೆ, ಯಾರಿಗೆ, ಯಾವ ಹೊತ್ತಿನಲ್ಲಿ ನಿಂತು ಅಂತ ನೋಡಲು ಶುರು ಮಾಡಿದೆ.

ಅವೆನ್ಯೂ ರಸ್ತೆಯಿಂದ ಗೆರೆ ಇರುವ ಕಾರ್ಡು ತಂದೆ, ನೂರರ ಕಟ್ಟಿಗೆ 70 ರೂಪಾಯಿ ಇದ್ದ ನೆನಪು. ಒಂದು ಹಾಡಿಗೆ ಒಂದು ಕಾರ್ಡು. ಮೇಲೆ ಹೆಸರು, ವರ್ಷ, ಬರೆದವರು. ಕೆಳಗೆ ಮೂರು ಸಾಲು: ಬಾಯಿ, ಕಿವಿ, ಹೊತ್ತು. ವಿಷಯ ಅಂತ ಒಂದು ಅಕ್ಷರ ಬರೆಯುವ ಹಾಗಿಲ್ಲ. ಹಾಡಿನ ಮಧ್ಯೆ ಬಾಯಿ ಬದಲಾದರೆ ಓರೆ ಗೆರೆ ಎಳೆದು ಬೇರೆ ಬಣ್ಣದ ಪೆನ್ನು ಹಿಡಿಯಬೇಕು.

'ರನ್ ಟು ದ ಹಿಲ್ಸ್' ಕಾರ್ಡು ನೋಡಿ. ಮೊದಲ ಚರಣ ನೀಲಿ: ಅಮೆರಿಕದ ಮೂಲನಿವಾಸಿಯ ಬಾಯಿ, ಬಿಳಿಯರು ಸಮುದ್ರ ದಾಟಿ ಬಂದರು ಅನ್ನುವ ಅಳಲು. ಓರೆ ಗೆರೆ. ಎರಡನೇ ಚರಣ ಕೆಂಪು: ಅವರನ್ನು ಅಟ್ಟಿಸಿಕೊಂಡು ಹೋಗುವ ಸವಾರನ ಬಾಯಿ. ಮತ್ತೆ ಗೆರೆ. ಮೂರನೆಯದು ಹಸಿರು, ದೂರ ನಿಂತು ಹೇಳುವವನದು. ಪಲ್ಲವಿ ಮಾತ್ರ ಯಾರ ಬಾಯಿ ಅಂತ ಹೇಳಲಾಗಲ್ಲ, ಓಡು ಅನ್ನುತ್ತಿರುವವನು ಓಡುವವನೋ ಓಡಿಸುವವನೋ? ಪೆನ್ಸಿಲ್‌ನಲ್ಲಿ ಬರೆದು ಬಿಟ್ಟಿದ್ದೇನೆ. ಈ ಹಾಡನ್ನು 1982ರಿಂದ ಎಲ್ಲರೂ ಕಿರುಚುತ್ತಾ ಬಂದಿದ್ದಾರೆ, ಆದರೆ ಮೂರು ಬಣ್ಣ ಒಂದೇ ಕಾರ್ಡಿನಲ್ಲಿ ನೋಡಿದಾಗ ಗಿಟಾರಿಸ್ಟ್ ಕೈಗೆ ತಗೊಂಡು ಎರಡು ಸಲ ತಿರುಗಿಸಿ ನೋಡಿದ. 'ಪಾಶನ್‌ಡೇಲ್' ಕೂಡ ಹೀಗೇ. ಶುರುವಿನಲ್ಲಿ ಸತ್ತ ಸೈನಿಕನನ್ನು 'ಅವನು' ಅನ್ನುತ್ತಾರೆ, ಸ್ವಲ್ಪ ಹೊತ್ತಿಗೆ ಕಂದಕದಲ್ಲಿ ಕೂತು 'ನಾನು' ಅಂತ ಮಾತಾಡುತ್ತಿರುವವನು ಅವನೇ.

ಇನ್ನು ಹೊತ್ತು. ಇದೇ ಮುಖ್ಯ ಸಾಲು. 'ಹ್ಯಾಲೋಡ್ ಬಿ ದೈ ನೇಮ್': ಗಲ್ಲಿಗೆ ಹೋಗುವ ಮುಂಚೆ ಕೋಣೆಯಲ್ಲಿ ಕಾಯುವವನು. 'ದ ಟ್ರೂಪರ್': ಗುಂಡು ಬಿದ್ದು ಆಕಾಶ ನೋಡುತ್ತಾ ಮಲಗಿದವನು. 'ಪವರ್‌ಸ್ಲೇವ್': ದೇವರಾಗಿದ್ದೂ ಯಾಕೆ ಸಾಯಬೇಕು ಅಂತ ಕೇಳುವ ಫೇರೋ. 'ಇನ್ಫಿನಿಟ್ ಡ್ರೀಮ್ಸ್': ನಿದ್ದೆ ಹೋದರೆ ಕನಸು ಮತ್ತೆ ಶುರುವಾಗುತ್ತೆ ಅಂತ ಹೆದರುತ್ತಾ, ಸತ್ತ ಮೇಲೆ ಇನ್ನೊಂದು ಅವಕಾಶ ಸಿಗಲಿ ಅನ್ನುವವನು. ಕಾರ್ಡುಗಳನ್ನು ಹೊತ್ತಿನ ಪ್ರಕಾರ ವಿಂಗಡಿಸಿ ರಬ್ಬರ್ ಬ್ಯಾಂಡ್ ಹಾಕಿದೆ. 'ಇನ್ನು ಜಾಸ್ತಿ ಹೊತ್ತಿಲ್ಲ' ಅನ್ನುವ ಕಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಸಾಕಾಗಲಿಲ್ಲ. ಮಿಕ್ಕ ಯಾವ ಕಟ್ಟೂ ಅದರ ಹತ್ತಿರಕ್ಕೆ ಬರಲ್ಲ. ಅದರೊಳಗೆ ಯುದ್ಧವೂ ಇದೆ, ಪುಸ್ತಕವೂ ಇದೆ, ದೇವರೂ ಇದ್ದಾನೆ, ವಿಮಾನವೂ ಇದೆ. ಮೂವರೂ ಅರ್ಧರ್ಧ ಸರಿ ಅಂತ ಆಯಿತು, ನಾನೊಬ್ಬ ಪೂರ್ತಿ ಸರಿ. 'ವೇಸ್ಟೆಡ್ ಇಯರ್ಸ್' ತರದವು ಹೊರಗೆ ಉಳಿದವು, ಅದು ಮನೆ ಬಿಟ್ಟು ಊರೂರು ಸುತ್ತುವವನ ಹಾಡು. ಅದನ್ನು ಎಳೆದು ತಂದು ಒಳಗೆ ತುರುಕಲು ನಾನು ಹೋಗಲಿಲ್ಲ. ಕಟ್ಟನ್ನು ಜನ ನಂಬುವುದು ಹೊರಗೆ ಬಿಟ್ಟ ಕಾರ್ಡು ನೋಡಿಯೇ.

ಬರೆದವರು ಅನ್ನುವ ಸಾಲು ಸುಮ್ನೆ ಹಾಕಿದ್ದು, ಅದೇ ಒಂದು ಪಕ್ಷವನ್ನು ಮಲಗಿಸಿತು. ಹಾರಾಟ ಎಲ್ಲ ಡಿಕಿನ್ಸನ್ ತಂದಿದ್ದು ಅನ್ನುತ್ತಿದ್ದ ವಿಮಾನದ ಹುಚ್ಚನ ಮುಂದೆ ಯುದ್ಧವಿಮಾನದ ಹಾಡಾದ 'ಏಸಸ್ ಹೈ' ಕಾರ್ಡು ಇಟ್ಟೆ. ಬರೆದವರು: ಬೇಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್, ಒಬ್ಬರೇ. 1986ರ 'ಸಮ್‌ವೇರ್ ಇನ್ ಟೈಮ್' ಆಲ್ಬಮ್ ಕಾರ್ಡುಗಳನ್ನೂ ಪಕ್ಕಕ್ಕೆ ಹರಡಿದೆ, ಅದರಲ್ಲಿ ಡಿಕಿನ್ಸನ್ ಬರೆದ ಹಾಡು ಒಂದೂ ಇಲ್ಲ. ಅವನು 'ಎಂಪೈರ್ ಆಫ್ ದ ಕ್ಲೌಡ್ಸ್' ಎತ್ತಿದ. ಸರಿ, ಅದು ಡಿಕಿನ್ಸನ್ ಒಬ್ಬರದೇ, 18 ನಿಮಿಷ, 1930ರಲ್ಲಿ ಫ್ರಾನ್ಸ್‌ನಲ್ಲಿ ಬಿದ್ದ ಆರ್101 ವಾಯುನೌಕೆಯ ಕಥೆ, 48 ಜನ ಸತ್ತಿದ್ದು. "ಹೊತ್ತು ಏನು ಬರೀಲಿ ಹೇಳು" ಅಂದೆ. ಅವನೇ ಕಾರ್ಡು ತಗೊಂಡು ದಪ್ಪ ಕಟ್ಟಿಗೆ ಸೇರಿಸಿದ.

ಯಾವ ಹಾಡನ್ನು ಮೊದಲು ಮುಂದಿಡಬೇಕು, ಯಾವುದನ್ನು ಕೊನೆಗೆ ಅನ್ನುವುದಕ್ಕೆ ಒಂದು ಕ್ರಮ ಇದೆ, ಅದನ್ನು ಇಲ್ಲಿ ಬರೆಯಲ್ಲ. ಕಾರ್ಡಿನ ಬಲಗಡೆ ಮೂಲೆಯಲ್ಲಿ ಹಾಕುವ ಚುಕ್ಕಿ ಏನು ಅಂತಲೂ ಕೇಳಬೇಡಿ.

ಬೇರೆ ಕಡೆ ಪ್ರಯೋಗ ಮಾಡಿದ್ದೂ ಇದೆ. ಮೆಟಾಲಿಕಾ ಹಾಡುಗಳಿಗೆ ಇದೇ ಕಾರ್ಡು ಬರೆದೆ, ಬಾಯಿ-ಕಿವಿ ಎರಡೂ ಒಂದೇ ಆಗುತ್ತಾ ಹೋಯಿತು, ತನಗೆ ತಾನೇ ಹೇಳಿಕೊಳ್ಳುವವನು, ನಾಲ್ಕನೇ ಆಲ್ಬಮ್ ಹೊತ್ತಿಗೆ ಬಿಟ್ಟೆ. ಕನ್ನಡ ಸಿನಿಮಾದ ಪ್ರೇಮಗೀತೆಗಳಿಗೂ ಬರೆದೆ. ಹೇಳುವವನು ಹುಡುಗ, ಕೇಳುವವಳು ಹುಡುಗಿ, ಹೊತ್ತು ಸಂಜೆ, ಇಲ್ಲವೇ ಮಳೆ. ಐವತ್ತು ಕಾರ್ಡಿನ ದುಡ್ಡು ದಂಡ. ವಚನಗಳಿಗೆ ಮಾತ್ರ ಈ ಕ್ರಮ ಚೆನ್ನಾಗಿ ಒಗ್ಗುತ್ತೆ, ಆದರೆ ಅದನ್ನು ಮೇಷ್ಟ್ರಿಗೆ ಹೇಳಿಲ್ಲ, ಹೇಳಿದರೆ ನನ್ನ ಭಾನುವಾರಗಳೆಲ್ಲ ಹೋಗುತ್ತವೆ.

ಮಾಡುವವರಿಗೆ ಒಂದು ಮಾತು. ಜೆಲ್ ಪೆನ್ನು ಬೇಡ. ಮೇಲಿನ ಮನೆಯವರ ಪೈಪ್ ಒಡೆದು ನನ್ನ ಕಪಾಟಿಗೆ ನೀರು ಇಳಿದು, 80ರ ದಶಕದ ಕಾರ್ಡುಗಳೆಲ್ಲ ಬಣ್ಣದ ನೀರಾದವು, ಪುನಃ ಬರೆದೆ. ಬಾಲ್ ಪಾಯಿಂಟ್ ಉಳಿಯುತ್ತೆ. ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಕಾರ್ಡಿಗೆ 10 ರೂಪಾಯಿ ಕೊಟ್ಟು ಮಾಡಿಸಿದ ಮೇಲೆ ತಿದ್ದಲು ಆಗಲ್ಲ. ಎಲ್ಲ ಸೇರಿ 20 ಸಾವಿರ ದಾಟಿರಬೇಕು, ದೋಸೆ ಸೇರಿಸಿ. ಈಗ ಶುರು ಮಾಡಿದರೆ ಕಾರ್ಡು, ಪೆನ್ನಿನ ದುಡ್ಡಲ್ಲೇ ಆಗುತ್ತೆ.

ಉಳಿದ ಕಿತ್ತಾಟ 2010ರ 'ವೆನ್ ದ ವೈಲ್ಡ್ ವಿಂಡ್ ಬ್ಲೋಸ್' ಮೇಲೆ. ಅಣುಬಾಂಬು ಬಿತ್ತು ಅಂದುಕೊಂಡು ಇಬ್ಬರು ವಿಷ ತಗೊಂಡು ಸಾಯುತ್ತಾರೆ, ಬಂದಿದ್ದು ಭೂಕಂಪ ಅಷ್ಟೇ. ಅವರಿಗೆ ಹೊತ್ತು ಇತ್ತು, ಇಲ್ಲ ಅಂದುಕೊಂಡರು. ದಪ್ಪ ಕಟ್ಟಿಗೆ ಹಾಕಬೇಕು, ಅವರು ಅಂದುಕೊಂಡಿದ್ದೇ ಲೆಕ್ಕ ಅನ್ನುತ್ತಾರೆ ಮೇಷ್ಟ್ರು. ಗಿಟಾರಿಸ್ಟ್ ಒಪ್ಪಲ್ಲ: "ಬಾಂಬೇ ಬಿದ್ದಿಲ್ಲ ಮಗಾ, ಯಾವ ಲೆಕ್ಕ?" ನಾನು ಮೇಷ್ಟ್ರ ಕಡೆ ಸ್ವಲ್ಪ ವಾಲುತ್ತೇನೆ, ಆದರೆ ಈ ಹಾಡಿನಲ್ಲಿ ಬಾಯಿ ಹೊರಗಿನವನದು, ಅದು ನನಗೂ ತೊಡಕು. ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ. ಈ ಸಲ ಬಿಲ್ಲು ಸೋತವರದು, ಮೊದಲೇ ಬರೆಸಿಕೊಂಡಿದ್ದೇನೆ.