ಹಬೆಯ ಮುಂದೆ ನಿಂತುಕೊಂಡೇ ರೊಸೇಸಿಯಾ ನಿಭಾಯಿಸಿದ್ದು

ರೊಸೇಸಿಯಾ ಅಂದರೆ ಮುಖದ ಚರ್ಮ ಕೆಂಪಾಗಿ, ಉರಿದು, ಗುಳ್ಳೆ ಏಳುವ ಕಾಯಿಲೆ. ಅದು ಇದೆ ಅಂತ ಗೊತ್ತಾದ ಮೇಲೆ ಯಾರನ್ನೇ ಕೇಳಿ, ಏನನ್ನೇ ಓದಿ, ಮೊದಲ ಸಲಹೆ ಒಂದೇ. ಬಿಸಿಯಿಂದ ದೂರ ಇರಿ, ಮುಖಕ್ಕೆ ಹಬೆ ತಾಗಿಸಬೇಡಿ. ನಮ್ಮದು ತುಮಕೂರಿನ ಕ್ಯಾತಸಂದ್ರದ ಕಡೆ ಒಂದು ಸಣ್ಣ ತಟ್ಟೆ ಇಡ್ಲಿ ಹೋಟೆಲ್. ಬೆಳಗಿನ ಜಾವ ಎದ್ದರೆ ತಿಂಡಿ ಮುಗಿಯುವ ತನಕ ನಾನು ನಿಲ್ಲುವುದೇ ಹಬೆಯ ಮುಂದೆ. ದೂರ ಇರಿ ಅಂದರೆ ಎಲ್ಲಿಗೆ ಹೋಗಲಿ? ಒಲೆ ಬಿಡಲಾಗದವರು ಏನು ಮಾಡಬಹುದು ಅನ್ನುವುದನ್ನು ಎಲ್ಲೂ ಸರಿಯಾಗಿ ಬರೆದಿರಲಿಲ್ಲ. ಅದಕ್ಕೇ ನಾನು ಮಾಡಿಕೊಂಡಿದ್ದನ್ನು ಬರೆಯುತ್ತಿದ್ದೇನೆ.

ನನ್ನ ಮುಖದಲ್ಲಿ ಶುರುವಾಗಿದ್ದು ಉರಿ. ಎರಡೂ ಕೆನ್ನೆ, ಮೂಗಿನ ತುದಿ, ಸ್ವಲ್ಪ ಗಲ್ಲ. ಮುಟ್ಟಿದರೆ ಬಿಸಿ. ಆಮೇಲೆ ಮೊಡವೆಯಂಥ ಸಣ್ಣ ಗುಳ್ಳೆಗಳು. ನಲವತ್ತು ದಾಟಿದ ಮೇಲೆ ಎಂಥ ಮೊಡವೆ ಅಂತ ನಗು ಬರುತ್ತಿತ್ತು. ಅತ್ತೆ ಉಷ್ಣ ಅಂದರು, ಎಳನೀರು ಕುಡಿಸಿದರು. ಓರಗಿತ್ತಿ ಬದನೆಕಾಯಿ ನಂಜು, ಬಿಡು ಅಂದಳು. ಒಲೆ ಮುಂದೆ ಇರುವವರ ಮುಖ ಹಾಗೇ ಇರುತ್ತೆ ಅಂತ ನಮ್ಮ ಮನೆಯವರು. ಯಾರದ್ದೂ ತಪ್ಪಲ್ಲ. ಪುಸ್ತಕದಲ್ಲಿ, ಫೋನಿನಲ್ಲಿ ಸಿಗುವ ರೊಸೇಸಿಯಾ ಫೋಟೋಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರದ್ದು. ಟೊಮೇಟೊ ಹಣ್ಣಿನ ಹಾಗೆ ಕೆಂಪಗಿರುತ್ತಾರೆ. ನಮ್ಮ ಬಣ್ಣದಲ್ಲಿ ಅದು ಕೆಂಪಗೆ ಕಾಣುವುದಿಲ್ಲ. ಕಂದು ಬಣ್ಣ ಇನ್ನೊಂದಿಷ್ಟು ಗಾಢವಾಗುತ್ತೆ, ಅಷ್ಟೆ. ಅದಕ್ಕೇ ನಮ್ಮವರಲ್ಲಿ ಇದನ್ನು ಗುರುತಿಸುವುದೇ ತಡ. ಕಣ್ಣಿಗೆ ಕಾಣದಿದ್ದರೂ ಉರಿ, ಬಿಸಿ, ಚುರುಚುರು ಇದ್ದೇ ಇರುತ್ತೆ. ನಮ್ಮಂಥವರು ಕನ್ನಡಿಗಿಂತ ಅದನ್ನೇ ನಂಬಬೇಕು.

ಕೊನೆಗೆ ಊರಲ್ಲೇ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಮೇಡಂ ಮುಖವನ್ನು ಬೆಳಕಿಗೆ ತಿರುಗಿಸಿ ಸುಮಾರು ಹೊತ್ತು ನೋಡಿದರು. ಹುಡುಕುತ್ತಿದ್ದದ್ದು ಮೊಡವೆಯ ಬ್ಲ್ಯಾಕ್‌ಹೆಡ್, ವೈಟ್‌ಹೆಡ್‌ಗಳನ್ನು, ಅಂದರೆ ರಂಧ್ರ ಕಟ್ಟಿಕೊಂಡ ಕಪ್ಪು, ಬಿಳಿ ಚುಕ್ಕೆಗಳನ್ನು. ಅವು ಇರಲಿಲ್ಲ. ಮಾಮೂಲಿ ಮೊಡವೆ ಆದರೆ ಇರುತ್ತವೆ, ರೊಸೇಸಿಯಾದ ಗುಳ್ಳೆಯಲ್ಲಿ ಇರುವುದಿಲ್ಲ ಅಂದರು. ಆಮೇಲೆ ಪ್ರಶ್ನೆಗಳ ಮೇಲೆ ಪ್ರಶ್ನೆ. ಬಿಸಿ ಕಾಫಿ ಕುಡಿದರೆ ಮುಖ ಕಾಯುತ್ತಾ? ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನ್ನಿಸುತ್ತಾ? ಕೀಲುನೋವು, ಬಾಯಿಹುಣ್ಣು ಇದೆಯಾ? ಕೀಲುನೋವಿಗೂ ಮುಖಕ್ಕೂ ಏನು ಸಂಬಂಧ ಅಂತ ನನಗೆ ಆಶ್ಚರ್ಯ. ಕೀಲುನೋವು, ಬಾಯಿಹುಣ್ಣು ತರುವ ಲೂಪಸ್ ಅನ್ನುವ ಇನ್ನೊಂದು ಕಾಯಿಲೆಯೂ ಕೆನ್ನೆ ಮೇಲೆ ಇದೇ ಜಾಗದಲ್ಲಿ ಬರುತ್ತಂತೆ. ಅದು ಸಾಮಾನ್ಯವಾಗಿ ಮೂಗಿನ ಪಕ್ಕದಿಂದ ಬಾಯಿಯ ಕಡೆ ಇಳಿಯುವ ಗೆರೆಯನ್ನು ಬಿಟ್ಟು ಬರುತ್ತೆ. ಅನುಮಾನ ಉಳಿಯುವುದು ಬೇಡ ಅಂತ ಎಎನ್‌ಎ ರಕ್ತಪರೀಕ್ಷೆ ಬರೆದುಕೊಟ್ಟರು. ಅದರಲ್ಲಿ ಏನೂ ಬರಲಿಲ್ಲ. ಹಾಗಾಗಿ ಮುಖ ಉರಿಯುವವರೆಲ್ಲ ತಮಗೆ ರೊಸೇಸಿಯಾ ಅಂತ ತಾವೇ ತೀರ್ಮಾನ ಮಾಡಿಕೊಳ್ಳುವುದು ಬೇಡ.

ಇನ್ನೊಂದು ಮಾತನ್ನೂ ಅವತ್ತೇ ಹೇಳಿಬಿಟ್ಟರು. ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳುವ ಕಾಯಿಲೆ. ಬೇಜಾರಾಯಿತು. ಆದರೆ ಅದು ಗೊತ್ತಿದ್ದರಿಂದಲೇ ಆಮೇಲೆ ಹದಿನೈದು ದಿನಕ್ಕೊಂದು ಹೊಸ ಕ್ರೀಮ್ ಹಿಂದೆ ಓಡಲಿಲ್ಲ.

ನಾನು ಇಲ್ಲಿಯವರೆಗೆ ಹಚ್ಚಿಕೊಂಡಿದ್ದ ಎಲ್ಲ ಟ್ಯೂಬು, ಡಬ್ಬಿ ತರಲು ಹೇಳಿದ್ದರು. ಯಾಕೆ ಅಂತ ಅರ್ಥ ಆಗಿದ್ದು ನಮ್ಮ ಬೀದಿಯ ಹುಡುಗಿಯೊಬ್ಬಳ ವಿಷಯ ತಿಳಿದಾಗ. ಬೆಳ್ಳಗಾಗಲು ಅಂತ ಅಂಗಡಿಯಲ್ಲಿ ಕೊಟ್ಟ ಒಂದು ಟ್ಯೂಬನ್ನು ಅವಳು ತಿಂಗಳುಗಟ್ಟಲೆ ಹಚ್ಚಿದ್ದಳು. ಮೊದಲು ಮುಖ ಥಳಥಳ ಅಂತಿತ್ತು. ಹಚ್ಚುವುದು ನಿಲ್ಲಿಸಿದರೆ ಉರಿ, ಗುಳ್ಳೆ. ಮತ್ತೆ ಹಚ್ಚಿದರೆ ತಣ್ಣಗೆ. ಅದರಲ್ಲಿದ್ದದ್ದು ಸ್ಟೀರಾಯ್ಡ್. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಈ ಹೆಸರುಗಳು ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಇರುತ್ತವೆ. ಇವು ಕೆಲವು ಚರ್ಮರೋಗಕ್ಕೆ ಒಳ್ಳೆಯ ಔಷಧಿಗಳೇ. ಮುಖಕ್ಕೆ ಬಹಳ ದಿನ ಹಚ್ಚಿದರೆ ಮಾತ್ರ ರೊಸೇಸಿಯಾ ಥರದ್ದೇ ತೊಂದರೆ ಎಬ್ಬಿಸುತ್ತವೆ, ಇದ್ದ ರೊಸೇಸಿಯಾ ಇನ್ನೂ ಕೆಡುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಸಿಗುತ್ತವೆ, ನಿಮಗೂ ಗೊತ್ತು. ಈಗಾಗಲೇ ಹಚ್ಚುತ್ತಿದ್ದರೆ ನೀವೇ ನಿಲ್ಲಿಸಿ ಉರಿ ತಡೆಯಲಾಗದೆ ಮತ್ತೆ ಶುರು ಮಾಡುವುದಕ್ಕಿಂತ ಡಾಕ್ಟರ್ ಹತ್ತಿರ ಹೋಗಿ. ಹೇಗೆ ಬಿಡಿಸಬೇಕು ಅನ್ನುವುದು ಅವರಿಗೆ ಗೊತ್ತಿರುತ್ತೆ. ಆ ಹುಡುಗಿಗೆ ಸುಧಾರಿಸಲು ತಿಂಗಳುಗಳೇ ಬೇಕಾದವು.

ನನ್ನ ಚಿಕಿತ್ಸೆಯ ಮೊದಲ ಹೆಜ್ಜೆ ಔಷಧಿ ಅಲ್ಲವೇ ಅಲ್ಲ. ಬಿಡುವುದು. ಸೋಪು, ಕಡಲೆಹಿಟ್ಟು, ನಿಂಬೆರಸ, ಸ್ಕ್ರಬ್, ಘಮಘಮ ಅನ್ನುವ ಫೇಸ್‌ವಾಷ್, ಹಚ್ಚಿದರೆ ತಣ್ಣಗೆ ಅನ್ನಿಸುವ ಮೆಂಥಾಲ್, ಕರ್ಪೂರದ ಪದಾರ್ಥಗಳು, ಎಲ್ಲಾ ಬಂದ್. ಮೆಂಥಾಲ್ ತಂಪು ಅಂತ ನಮಗೆ ಅನ್ನಿಸುತ್ತೆ, ಆದರೆ ಈ ಚರ್ಮಕ್ಕೆ ಅದು ಚುಚ್ಚುತ್ತೆ. ಉಳಿದದ್ದು ಮೂರೇ. ಸೋಪಿಲ್ಲದ ಮೆದು ಕ್ಲೆನ್ಸರ್, ವಾಸನೆ ಇಲ್ಲದ, ಸೆರಮೈಡ್ (ಚರ್ಮದಲ್ಲೇ ಇರುವ ಕೊಬ್ಬಿನಂಥ ಅಂಶ) ಇರುವ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮುಖ ತೊಳೆಯುವುದು ಬರೀ ಬೆರಳಲ್ಲಿ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಲ್ಲಿ. ಟವಲ್ಲಿನಿಂದ ಉಜ್ಜುವ ಹಾಗಿಲ್ಲ, ಒತ್ತಿ ಬಿಡುವುದು. ಹೊಸದು ಏನೇ ತಂದರೂ ಮೊದಲು ಕಿವಿಯ ಕೆಳಗೆ ಕುತ್ತಿಗೆಗೆ ಕೆಲವು ದಿನ ಹಚ್ಚಿ ನೋಡಿ ಆಮೇಲೆ ಮುಖಕ್ಕೆ. ಎರಡು ಹೊಸ ವಸ್ತು ಒಟ್ಟಿಗೆ ಬೇಡವೇ ಬೇಡ. ಉರಿ ಬಂದರೆ ಯಾವುದರಿಂದ ಅಂತ ಹೇಗೆ ತಿಳಿಯುತ್ತೆ? ಇದೊಂದು ಹದಕ್ಕೆ ಬಂದ ಮೇಲೆಯೇ ಅರ್ಧ ಉರಿ ಇಳಿದಿತ್ತು.

ಸನ್‌ಸ್ಕ್ರೀನ್ ನನ್ನನ್ನು ಜಾಸ್ತಿ ಸತಾಯಿಸಿತು. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದು, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲೆ, ಇದು ಉರಿಸುವುದು ಕಮ್ಮಿ. ಆದರೆ ಹಚ್ಚಿದರೆ ಮುಖವೆಲ್ಲ ವಿಭೂತಿ ಬಳಿದುಕೊಂಡ ಬಣ್ಣ! ಗಿರಾಕಿಗಳು ಎರಡೆರಡು ಸಲ ನೋಡುತ್ತಿದ್ದರು. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣಕ್ಕೆ ಹೊಂದುವ ಟಿಂಟೆಡ್ ಸನ್‌ಸ್ಕ್ರೀನ್ ಬರುತ್ತೆ ಅಂತ ಆಮೇಲೆ ತಿಳಿಯಿತು. ಈಗ ಅದೇ. ಬೆಳಿಗ್ಗೆ ಹಬೆ ಮುಂದೆ ನಿಂತಾಗ ಅದು ನಿಲ್ಲುವುದಿಲ್ಲ, ಕರಗಿ ಇಳಿಯುತ್ತೆ. ಹಾಗಾಗಿ ಅಡುಗೆಮನೆಯ ಕೆಲಸ ಮುಗಿಸಿ, ಮುಖ ತೊಳೆದು, ಹೊರಗೆ ಹೊರಡುವ ಮುಂಚೆ ಹಚ್ಚುತ್ತೇನೆ.

ಇನ್ನು ಔಷಧಿ. ನನಗೆ ಕೊಟ್ಟಿದ್ದು ರಾತ್ರಿ ಹಚ್ಚಲು 1% ಐವರ್ಮೆಕ್ಟಿನ್ ಕ್ರೀಮ್, ಜೊತೆಗೆ ಸ್ವಲ್ಪ ಕಾಲ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್. ಐವರ್ಮೆಕ್ಟಿನ್ ಅಂದ ತಕ್ಷಣ ನಮ್ಮ ಮನೆಯವರು, "ಅದು ಕೊರೊನಾ ಟೈಮಲ್ಲಿ ಎಲ್ಲರೂ ನುಂಗಿದ್ದ ಮಾತ್ರೆ ಅಲ್ವಾ?" ಅಂದರು. ಹೆಸರು ಅದೇ, ಇದು ಹಚ್ಚುವ ಕ್ರೀಮ್. ನಮ್ಮೆಲ್ಲರ ಮುಖದ ರಂಧ್ರಗಳಲ್ಲಿ ಡೆಮೊಡೆಕ್ಸ್ ಅನ್ನುವ ಕಣ್ಣಿಗೆ ಕಾಣದ ಸಣ್ಣ ಜೀವಿ ಇರುತ್ತೆ. ರೊಸೇಸಿಯಾ ಇರುವವರಲ್ಲಿ ಅದರ ಸಂಖ್ಯೆ ಜಾಸ್ತಿ. ಈ ಕ್ರೀಮ್ ಅದನ್ನೂ ಕಮ್ಮಿ ಮಾಡುತ್ತೆ, ಉರಿಯೂತವನ್ನೂ ಇಳಿಸುತ್ತೆ. ರೊಸೇಸಿಯಾಕ್ಕೆ ಅಂತ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಮುಖದಲ್ಲಿ ಜೀವಿ ಇದೆ ಅಂತ ಕೇಳಿ ನಮ್ಮ ಅತ್ತೆ ಒಂದು ವಾರ ನನ್ನ ಟವಲ್ ಮುಟ್ಟಲಿಲ್ಲ. ಇದು ಅಂಟುವ ಕಾಯಿಲೆ ಅಲ್ಲ, ಆ ಜೀವಿ ನಿಮ್ಮ ಮುಖದಲ್ಲೂ ಇದೆ ಅಂದಮೇಲೆ ಇನ್ನೂ ಗಾಬರಿಯಾದರು.

ಡಾಕ್ಸಿಸೈಕ್ಲಿನ್ ನನಗೆ ಕೊಟ್ಟಿದ್ದು ಕಮ್ಮಿ ಪ್ರಮಾಣದ್ದು, ನಿಧಾನವಾಗಿ ಬಿಡುಗಡೆಯಾಗುವ 40 ಮಿಲಿಗ್ರಾಂ. ಅಷ್ಟರಲ್ಲಿ ಅದು ಬ್ಯಾಕ್ಟೀರಿಯಾ ಕೊಲ್ಲುವುದಕ್ಕಲ್ಲ, ಉರಿಯೂತ ಇಳಿಸುವುದಕ್ಕೆ. ಇದನ್ನು ದೊಡ್ಡ ಲೋಟ ನೀರಲ್ಲಿ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ಅನ್ನನಾಳ ಸುಟ್ಟು ಹುಣ್ಣಾಗಬಹುದು. ಕಬ್ಬಿಣದ ಮಾತ್ರೆ, ಗ್ಯಾಸಿನ ಮಾತ್ರೆ ಜೊತೆಗೆ ತೆಗೆದುಕೊಂಡರೆ ಮೈಗೆ ಹತ್ತುವುದಿಲ್ಲ, ಮಧ್ಯೆ ಗಂಟೆಗಳ ಅಂತರ ಬೇಕು. ಬಿಸಿಲಿಗೆ ಚರ್ಮ ಬೇಗ ಸುಡುತ್ತೆ. ಬಸುರಿಯರಿಗೆ ಇದು ಆಗುವುದಿಲ್ಲ, ಮದುವೆಯಾದ ಹೆಣ್ಣುಮಕ್ಕಳು ಡಾಕ್ಟರಿಗೆ ಮೊದಲೇ ಬಾಯಿಬಿಟ್ಟು ಹೇಳಬೇಕು.

ಫಲ ಬೇಗ ಕಾಣುವುದಿಲ್ಲ. ಎಂಟರಿಂದ ಹನ್ನೆರಡು ವಾರ ಕಾಯಿರಿ ಅಂದಿದ್ದರು, ನನಗೂ ಹಾಗೇ ಆಯಿತು. ಮೊದಲ ತಿಂಗಳು ಏನೂ ವ್ಯತ್ಯಾಸ ಇಲ್ಲ ಅನ್ನಿಸಿತು. ದಿನಾ ಕನ್ನಡಿ ನೋಡಿದರೆ ತಿಳಿಯುವುದೂ ಇಲ್ಲ. ಮಗಳು ಭಾನುವಾರ ಭಾನುವಾರ ಅದೇ ಕಿಟಕಿ ಹತ್ತಿರ, ಅದೇ ಬೆಳಕಲ್ಲಿ ಫೋಟೋ ತೆಗೆದಿಟ್ಟಿದ್ದಳು. ಅವನ್ನು ಪಕ್ಕಪಕ್ಕ ಇಟ್ಟಾಗಲೇ ಗುಳ್ಳೆ ಇಳಿದಿದ್ದು ಕಂಡಿದ್ದು.

ಆಮೇಲೆ ಕ್ಯಾಪ್ಸೂಲ್ ನಿಲ್ಲಿಸಿ 15% ಅಜೆಲಾಯಿಕ್ ಆಸಿಡ್ ಜೆಲ್ ಸೇರಿಸಿದರು. ಇದು ಮೊದಲ ವಾರಗಳಲ್ಲಿ ಚೆನ್ನಾಗಿ ಕಡಿಯುತ್ತೆ, ಚುರುಗುಟ್ಟುತ್ತೆ. ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಹಚ್ಚಿ, ದಿನ ಬಿಟ್ಟು ದಿನ ಶುರು ಮಾಡಿ ಅಂದರು. ಹಾಗೆ ಮಾಡಿದ ಮೇಲೆ ಒಗ್ಗಿತು. ಗುಳ್ಳೆ ಹೋದ ಜಾಗದಲ್ಲಿ ಉಳಿಯುವ ಕಪ್ಪು ಕಲೆಯನ್ನೂ ಇದು ತಿಳಿಯಾಗಿಸುತ್ತೆ. ನಮ್ಮ ಬಣ್ಣದವರಿಗೆ ಆ ಕಲೆಯೇ ದೊಡ್ಡ ಚಿಂತೆ ಅಲ್ವಾ? ಹಾಗಾಗಿ ನನ್ನ ಲೆಕ್ಕದಲ್ಲಿ ನಮಗೆ ಇದು ಒಳ್ಳೆಯ ಜೆಲ್. ಕೆಲವರಿಗೆ ಮೆಟ್ರೊನಿಡಜೋಲ್ ಜೆಲ್ ಕೊಡುತ್ತಾರೆ, ಅದು ಇವೆಲ್ಲಕ್ಕಿಂತ ಹಳೆಯದು. ಗಂಟೆಗಳ ಮಟ್ಟಿಗೆ ಕೆಂಪು ಇಳಿಸುವ ಬ್ರಿಮೊನಿಡಿನ್ ಜೆಲ್ ಕೂಡ ಇದೆ, ಆದರೆ ಅದರ ಪ್ರಭಾವ ಇಳಿದಾಗ ಕೆಲವರಿಗೆ ಮೊದಲಿಗಿಂತ ಜಾಸ್ತಿ ಕೆಂಪಾಗುತ್ತೆ. ನನಗೆ ಬೇಡ ಅನ್ನಿಸಿತು. ಮೂಗಿನ ಪಕ್ಕ ಹಿಗ್ಗಿದ ಸಣ್ಣ ರಕ್ತನಾಳಗಳು ಯಾವ ಕ್ರೀಮಿಗೂ ಹೋಗುವುದಿಲ್ಲ, ಅದಕ್ಕೆ ಲೇಸರ್ ಬೇಕು. ಕಂದು ಚರ್ಮದ ಮೇಲೆ ಲೇಸರ್ ಸರಿಯಾಗಿ ಗೊತ್ತಿಲ್ಲದವರ ಕೈಯಲ್ಲಿ ಸುಟ್ಟ ಕಲೆ ಬಿಡಬಹುದು. ನನ್ನದು ಅಷ್ಟೇನೂ ಎದ್ದು ಕಾಣುವುದಿಲ್ಲ, ಸುಮ್ನೆ ಬಿಟ್ಟಿದ್ದೇನೆ.

ಈಗ ಅಡುಗೆಮನೆಗೆ ಬರುತ್ತೇನೆ. ಔಷಧಿ ಎಷ್ಟೇ ಹಚ್ಚಿದರೂ ಬೆಳಿಗ್ಗೆ ಹಬೆ ಮುಖಕ್ಕೆ ಬಡಿದರೆ ಮತ್ತೆ ಅದೇ ಕಥೆ. ಮೊದಲು ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಬರೆಯಲು ಶುರು ಮಾಡಿದೆ. ಇವತ್ತು ಮುಖ ಯಾವಾಗ ಕಾದಿತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ, ಏನು ತಿಂದಿದ್ದೆ. ಕೆಲವು ವಾರಕ್ಕೇ ಚಿತ್ರ ಸ್ಪಷ್ಟವಾಯಿತು. ಬದನೆಕಾಯಿ ಪಾಪ ಏನೂ ಮಾಡಿರಲಿಲ್ಲ. ಹಸಿಮೆಣಸಿನ ಚಟ್ನಿ ತಿಂದರೆ ಸ್ವಲ್ಪ ಕಾಯುತ್ತಿತ್ತು, ಮೆಣಸಿನಕಾಯಿ ಹುರಿಯುವಾಗಿನ ಘಾಟು ಅದಕ್ಕಿಂತ ಜಾಸ್ತಿ. ಎಲ್ಲಕ್ಕಿಂತ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವ ಆ ಒಂದು ಗಳಿಗೆ. ಇನ್ನೊಬ್ಬರಿಗೆ ಬೇರೆ ಇರಬಹುದು. ಬಿಸಿಲು, ಮದ್ಯ, ಕೋಪ, ಓಟ, ಒಬ್ಬೊಬ್ಬರಿಗೆ ಒಂದೊಂದು. ಬರೆದು ನೋಡದೆ ಎಲ್ಲವನ್ನೂ ಬಿಟ್ಟರೆ ಬದುಕೇ ಸಪ್ಪೆ.

ಮುಚ್ಚಳದ ಕೆಲಸ ಈಗ ಹೀಗೆ. ಮೊದಲು ಉರಿ ಆರಿಸುತ್ತೇವೆ, ಹಬೆಯ ಜೋರು ಇಳಿಯಲು ಬಿಡುತ್ತೇವೆ. ಆಮೇಲೆ ಮುಚ್ಚಳವನ್ನು ಆಚೆ ಬದಿಯಿಂದ ಎತ್ತುವುದು, ಹಬೆ ಗೋಡೆಯ ಕಡೆ ಹೋಗುತ್ತೆ. ಎಕ್ಸಾಸ್ಟ್ ಫ್ಯಾನ್ ಬಾಗಿಲ ಮೇಲಿತ್ತು, ಅಂದರೆ ಹಬೆ ನನ್ನನ್ನು ದಾಟಿಯೇ ಹೊರಗೆ ಹೋಗಬೇಕಿತ್ತು. ಅದನ್ನು ಒಲೆಯ ಹಿಂದಿನ ಗೋಡೆಗೆ ಹಾಕಿಸಿದೆವು. ನೂರು ಕ್ರೀಮಿಗಿಂತ ಆ ಫ್ಯಾನ್ ಜಾಗ ಬದಲಾಗಿದ್ದು ನನಗೆ ಉಪಕಾರ ಮಾಡಿದೆ. ಜನ ಜಾಸ್ತಿ ಇರುವ ಹೊತ್ತಲ್ಲಿ ಹಬೆಯ ಕಡೆ ನಮ್ಮ ಮನೆಯವರು ನಿಲ್ಲುತ್ತಾರೆ, ನಾನು ಹಿಟ್ಟು ಹುಯ್ಯುವುದು, ಚಟ್ನಿ, ಗಲ್ಲಾ. ಮೆಣಸಿನಕಾಯಿ ಹುರಿಯುವ ಕೆಲಸ ಸಂಜೆ ಹಿತ್ತಲಿಗೆ ಹೋಯಿತು. ಮುಖ ಕಾಯಲು ಶುರುವಾಯಿತು ಅನ್ನಿಸಿದರೆ ಐಸ್ ಚೂರು ಬಾಯಲ್ಲಿ ಇಟ್ಟುಕೊಳ್ಳುತ್ತೇನೆ, ಕುತ್ತಿಗೆಗೆ ಒದ್ದೆ ಬಟ್ಟೆ. ಐಸನ್ನು ನೇರ ಮುಖಕ್ಕೆ ಉಜ್ಜುವುದಿಲ್ಲ, ಅದೂ ಚರ್ಮಕ್ಕೆ ಹಿಂಸೆಯೇ. ಕಾಫಿ ಬಿಡಬೇಕಾಗುತ್ತೆ ಅಂತ ಹೆದರಿದ್ದೆ. ತೊಂದರೆ ಕಾಫಿಯದ್ದಲ್ಲ, ಅದರ ಬಿಸಿಯದ್ದು. ಬಸಿಗೆ ಹುಯ್ದು ಆರಿಸಿ ಕುಡಿಯುತ್ತೇನೆ, ಏನೂ ಆಗುವುದಿಲ್ಲ.

ಕಣ್ಣಿನ ವಿಷಯ ಒಂದು ಮಾತು. ರೊಸೇಸಿಯಾ ಕಣ್ಣಿಗೂ ಬರುತ್ತೆ ಅಂತ ಹೆಚ್ಚಿನವರಿಗೆ ತಿಳಿದಿಲ್ಲ. ನನ್ನ ಕಣ್ಣು ಚುಚ್ಚುವುದು ಹೊಗೆಯಿಂದ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಕಣ್ಣಿನ ಡಾಕ್ಟರ್ ರೆಪ್ಪೆಯಂಚಿನ ಗ್ರಂಥಿಗಳು ಕಟ್ಟಿಕೊಂಡಿವೆ ಅಂದರು. ಬೆಚ್ಚಗಿನ ಒದ್ದೆ ಬಟ್ಟೆ ಮುಚ್ಚಿದ ರೆಪ್ಪೆ ಮೇಲೆ ಮಾತ್ರ, ಕೆನ್ನೆಗೆ ತಾಗದ ಹಾಗೆ. ಆಮೇಲೆ ರೆಪ್ಪೆಯಂಚನ್ನು ಮೆಲ್ಲಗೆ ಒರೆಸುವುದು, ಕಣ್ಣು ಒಣಗದ ಹಾಗೆ ಡ್ರಾಪ್ಸ್. ನೋವಿದ್ದರೆ, ಬೆಳಕು ತಡೆಯಲಾಗದಿದ್ದರೆ, ಮಂಜಾಗಿ ಕಂಡರೆ ಮಾತ್ರ ಕಾಯಬಾರದು, ಅವತ್ತೇ ಹೋಗಬೇಕು.

ಈಗ ಮುಖ ಹೇಗಿದೆ? ಗುಳ್ಳೆ ಇಲ್ಲ. ಚಳಿಗಾಲದಲ್ಲಿ ಉರಿ ನೆನಪೂ ಆಗುವುದಿಲ್ಲ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ, ಬಿಸಿಲೂ ಏರುತ್ತೆ, ಹೋಟೆಲ್ಲಲ್ಲಿ ಜನವೂ ಏರುತ್ತಾರೆ. ಆಗ ಒಂದಷ್ಟು ದಿನ ಕೆನ್ನೆ ಕಾಯುವುದು ಇದ್ದೇ ಇದೆ. ರಾತ್ರಿಯ ಕ್ರೀಮ್ ನಿಲ್ಲಿಸಿಲ್ಲ, ಅಜೆಲಾಯಿಕ್ ಬೇಕಾದಾಗ. ಪಾರ್ಲರಿನಲ್ಲಿ ಫೇಶಿಯಲ್ ಸ್ಟೀಮ್, ಬ್ಲೀಚ್ ಅಂದರೆ ಕೈಮುಗಿಯುತ್ತೇನೆ. ದಿನವಿಡೀ ಬಿಟ್ಟಿ ಸ್ಟೀಮ್ ತೆಗೆದುಕೊಂಡವಳಿಗೆ ದುಡ್ಡು ಕೊಟ್ಟು ಯಾಕೆ? ಈ ಸಲ ಜಾತ್ರೆಗೆ ಮುಂಚೆ ಗಲ್ಲಾದ ಹತ್ತಿರ ಇನ್ನೊಂದು ಫ್ಯಾನ್ ಹಾಕಿಸಬೇಕು, ವೈರಿಂಗ್‌ನವನು ನಾಳೆ ಬರುತ್ತೇನೆ ಅಂತ ಹೇಳಿ ಹೇಳಿ ಇನ್ನೂ ಬಂದಿಲ್ಲ.