ಮಡಿಕೇರಿಯವರು ಬೆಂಗಳೂರಲ್ಲಿ ಡೈವಿಂಗ್ ಶಾಪ್ ಹುಡುಕುವಾಗ

ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದು, ಕಲಿಯಬೇಕು ಅಂತ ನಾನು ತೀರ್ಮಾನಿಸಿದ್ದು ಕಾಫಿ ಕೊಯ್ಲು ಮುಗಿದ ಮೇಲೆ. ತೋಟದವರಿಗೆ ಅದಕ್ಕಿಂತ ಮುಂಚೆ ಬಿಡುವು ಎಲ್ಲಿ? ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಕಡೆ ಡೈವಿಂಗ್ ನಡೆಯುವುದು ಮಳೆಗಾಲ ಕಳೆದ ಮೇಲೆ, ಮುಂದಿನ ಮಳೆಗಾಲ ಶುರುವಾಗುವ ತನಕ. ಹಾಗಾಗಿ ಏಪ್ರಿಲ್ ನಮಗೆ ಹೊಂದುತ್ತದೆ. ತಂಗಿ ಬೆಂಗಳೂರಲ್ಲಿ ಇದ್ದಾಳೆ. ಪಾಠ ಮತ್ತು ಈಜುಕೊಳದ ಅಭ್ಯಾಸ ಅಲ್ಲಿ ಮುಗಿಸಿ, ಸಮುದ್ರದ ಭಾಗಕ್ಕೆ ಮುರುಡೇಶ್ವರಕ್ಕೆ ಹೋಗುವುದು ಅಂತ ಲೆಕ್ಕ ಹಾಕಿದೆವು.

ಮೊದಲು ಫೋನ್ ಮಾಡಿದೆ. ಸುಮಾರು ಕಡೆ ಮೊದಲ ಮಾತೇ ರೇಟು, ಆಮೇಲೆ ಫೋಟೋ, ವಿಡಿಯೋ ಫ್ರೀ ಅಂತ. ಅದನ್ನೆಲ್ಲ ಕೇಳಿಸಿಕೊಂಡು ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಸರ್, ನಮ್ಮ ಮನೆ ಮಡಿಕೇರಿ. ನೇತ್ರಾಣಿಯಲ್ಲಿ ಡೈವ್ ಮಾಡಿ ಅವತ್ತೇ ಮನೆಗೆ ಹೋಗಬಹುದಾ?"

ಕೊಡಗಿನವರಿಗೆ ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ನೀರಿನಡಿ 10 ಮೀಟರ್ ಇಳಿದರೆ ಮೈ ಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಆಗ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತಕ್ಕೆ, ಮಾಂಸಖಂಡಕ್ಕೆ ಜಾಸ್ತಿ ಸೇರುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೆ ಸಮಯ ಕೊಡದೆ ಒತ್ತಡ ಇನ್ನೂ ಕಡಿಮೆ ಇರುವ ಎತ್ತರಕ್ಕೆ ಏರಿದರೆ ಅದೇ ನೈಟ್ರೋಜನ್ ಒಳಗೇ ಗುಳ್ಳೆಯಾಗಬಹುದು. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಅದರಿಂದ ಏನು ಬೇಕಾದರೂ ಆಗಬಹುದು. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅನ್ನುವುದು ಇದಕ್ಕೇ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ವಿಮಾನ ಅಂದ ತಕ್ಷಣ ಎಲ್ಲರಿಗೂ ಅರ್ಥವಾಗುತ್ತದೆ. ಘಾಟಿ ರಸ್ತೆ ಯಾರಿಗೂ ನೆನಪಾಗುವುದಿಲ್ಲ. ಸುಳ್ಯ ದಾಟಿ ಸಂಪಾಜೆಯಿಂದ ಮೇಲೆ ಬಂದರೆ ಒಂದು ಗಂಟೆಯೊಳಗೆ ಸಾವಿರ ಮೀಟರ್‌ಗಿಂತ ಎತ್ತರದಲ್ಲಿ ಇರುತ್ತೇವೆ. ವಿಮಾನದ ಆ ನಿಯಮ 600 ಮೀಟರ್‌ನಿಂದಲೇ ಅನ್ವಯಿಸುತ್ತದೆ. ಬೆಂಗಳೂರು ಕೂಡ 900 ಮೀಟರ್ ಮೇಲಿದೆ. ಅಂದರೆ ಬೆಂಗಳೂರಿನ ಶಾಪಿನವರಿಗೆ ತಮ್ಮದೇ ಗಿರಾಕಿಗಳ ಸಲುವಾಗಿ ಇದು ಗೊತ್ತಿರಲೇಬೇಕು, ಅಲ್ವಾ?

ಒಂದು ಕಡೆ "ಏನೂ ಆಗಲ್ಲ, ಎಲ್ಲರೂ ರಾತ್ರಿ ಬಸ್ಸಿಗೇ ವಾಪಸ್ ಬರುತ್ತಾರೆ" ಅಂದರು. ಆ ಶಾಪನ್ನು ಅಲ್ಲಿಗೇ ಬಿಟ್ಟೆ. ಇನ್ನೊಂದು ಕಡೆ ಫೋನ್ ತೆಗೆದ ಹುಡುಗಿ "ಒಂದು ನಿಮಿಷ ಸರ್, ಇನ್‌ಸ್ಟ್ರಕ್ಟರ್‌ಗೆ ಕೊಡುತ್ತೇನೆ" ಅಂದಳು. ಅವರು ದುಡ್ಡಿನ ಮಾತೇ ಎತ್ತಲಿಲ್ಲ. "ದಿನಕ್ಕೆ ಎಷ್ಟು ಡೈವ್? ಯಾವ ದಾರಿಯಲ್ಲಿ ಹೋಗುತ್ತೀರಿ?" ಅಂತ ಕೇಳಿದರು. ಕಡೆಯ ಡೈವ್ ಆದ ರಾತ್ರಿ ಮುರುಡೇಶ್ವರದಲ್ಲೋ ಮಂಗಳೂರಲ್ಲೋ ಉಳಿದು, ಮರುದಿನ ಮಧ್ಯಾಹ್ನದ ಮೇಲೆ ಘಾಟಿ ಹತ್ತಿ ಅಂದರು. ಅವರನ್ನು ನೋಡಲೇಬೇಕು ಅನ್ನಿಸಿತು. ಮರುವಾರವೇ ಬಸ್ ಹತ್ತಿದೆ.

ಶಾಪ್ ದೊಡ್ಡದೇನಲ್ಲ. ಒಂದು ಕೋಣೆ, ಗೋಡೆಗೆ ವೆಟ್‌ಸೂಟ್‌ಗಳು, ಮೂಲೆಯಲ್ಲಿ ಸಿಲಿಂಡರ್‌ಗಳು. ನನಗೆ ಹಿಡಿಸಿದ್ದು ಮೊದಲು ಕೈಗೆ ಬಂದ ಕಾಗದ. ರಸೀದಿ ಪುಸ್ತಕಕ್ಕಿಂತ ಮುಂಚೆ ಆರೋಗ್ಯದ ಪ್ರಶ್ನೆಗಳ ಫಾರಂ ಕೊಟ್ಟರು. ಅಸ್ತಮಾ ಇದೆಯಾ, ಕಿವಿಯ ಆಪರೇಷನ್ ಆಗಿದೆಯಾ, ಫಿಟ್ಸ್ ಬಂದಿತ್ತಾ, ಹೃದಯದ ತೊಂದರೆ ಇದೆಯಾ ಅಂತೆಲ್ಲ ಅದರಲ್ಲಿ ಇರುತ್ತದೆ. ಹೌದು ಅಂತ ಬರೆದರೆ ಡಾಕ್ಟರ ಸಹಿ ತರಬೇಕಾಗಬಹುದು. "ಎಲ್ಲದಕ್ಕೂ ಇಲ್ಲ ಅಂತ ಬರೆದುಬಿಡಿ" ಅನ್ನುವ ಕಡೆ ಒಂದು ನಿಮಿಷವೂ ನಿಲ್ಲಬೇಡಿ.

ಆಮೇಲೆ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ, ನೋಡುತ್ತೇನೆ ಅಂದೆ. ಅವರು ಬೇಸರ ಮಾಡಿಕೊಳ್ಳದೆ ಸಿಲಿಂಡರಿಗೆ ಜೋಡಿಸಿ ಕೊಟ್ಟರು. ಪ್ರೆಷರ್ ಗೇಜ್ ಕಣ್ಣೆದುರು ಹಿಡಿದುಕೊಂಡು ಬಾಯಿಯಿಂದ ನಾಲ್ಕೈದು ಸಲ ದೀರ್ಘವಾಗಿ ಉಸಿರೆಳೆಯಬೇಕು. ಮುಳ್ಳು ಅಲ್ಲಾಡದೆ ನಿಂತಿರಬೇಕು. ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಒಳಗೆ ಏನೋ ಕಟ್ಟಿಕೊಂಡಿದೆ ಅಂತ. ಗಾಳಿಗೆ ಯಾವ ವಾಸನೆಯೂ ಇರಬಾರದು. ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವ ಡೀಸೆಲ್ ಪಂಪಿನ ಪಕ್ಕ ನಿಂತು ಬೆಳೆದವರು ನಾವು, ಹೊಗೆ ಎಷ್ಟು ತೆಳುವಾಗಿದ್ದರೂ ಮೂಗಿಗೆ ತಿಳಿಯುತ್ತದೆ. ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಜಾಗದ ಹತ್ತಿರ ಹೊಗೆ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಸಿಲಿಂಡರಿನೊಳಗೆ ಹೋಗುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲ, ಹಾಗಾಗಿ ಎಣ್ಣೆಯದೋ ಹೊಗೆಯದೋ ಚೂರು ವಾಸನೆ ಬಂದರೂ ಆ ಸಿಲಿಂಡರ್ ಬೇಡವೇ ಬೇಡ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಮುಗಿಯಲಿಲ್ಲ, ಗಾಳಿ ಎಲ್ಲಿ ತುಂಬಿಸುತ್ತೀರಿ, ಫಿಲ್ಟರ್ ಯಾವಾಗ ಬದಲಾಯಿಸಿದಿರಿ ಅಂತಲೂ ಕೇಳಿ. ಸಿಲಿಂಡರಿನ ಕುತ್ತಿಗೆ ಹತ್ತಿರ ಹೈಡ್ರೋ ಟೆಸ್ಟಿನ, ಅಂದರೆ ನೀರು ತುಂಬಿಸಿ ಒತ್ತಡ ತಡೆಯುತ್ತದಾ ಅಂತ ನೋಡುವ ಪರೀಕ್ಷೆಯ ತಾರೀಖು ಅಚ್ಚೊತ್ತಿರುತ್ತದೆ. ಅವರು ಬೆರಳಿಟ್ಟು ತೋರಿಸಿದರು.

ಪ್ಯಾಡಿ ಒಳ್ಳೆಯದೋ ಎಸ್‌ಎಸ್‌ಐ ಒಳ್ಳೆಯದೋ ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಎರಡೂ ಡೈವಿಂಗ್ ಕೋರ್ಸಿನ ಕಾರ್ಡ್ ಕೊಡುವ ಸಂಸ್ಥೆಗಳು. ಹೊಸಬರಿಗೆ ಯಾವುದಾದರೂ ಆಗುತ್ತದೆ. ಎರಡರ ಓಪನ್ ವಾಟರ್ ಕಾರ್ಡಿಗೂ, ಅಂದರೆ ಹೊಸಬರ ಕೋರ್ಸಿನ ಕಾರ್ಡಿಗೂ, 18 ಮೀಟರ್ ತನಕ ಇಳಿಯಬಹುದು. ಕಲಿಸುವವರು ಮುಖ್ಯ. ಅವರ ಇನ್‌ಸ್ಟ್ರಕ್ಟರ್ ನಂಬರ್ ಕೇಳಿ, ಸಂಸ್ಥೆಯಲ್ಲಿ ಈಗಲೂ ಚಾಲ್ತಿಯಲ್ಲಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಪ್ಯಾಡಿ ಓಪನ್ ವಾಟರ್ ಕೋರ್ಸಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಒಬ್ಬರೇ ಎಂಟು ಜನರನ್ನು ಇಳಿಸಬಹುದು ಅಂತ ನಿಯಮ ಇದೆ. ನನ್ನ ಪ್ರಕಾರ ಎಂಟು ಜಾಸ್ತಿ ಆಯಿತು. ನೀರು ಕದಡಿದ್ದರೆ ಹಿಂದೆ ಬರುವವರು ಕಾಣುವುದೇ ಇಲ್ಲ. ನಮ್ಮವರು ನಾಲ್ಕಕ್ಕಿಂತ ಜಾಸ್ತಿ ಕರೆದುಕೊಂಡು ಹೋಗುವುದಿಲ್ಲ ಅಂದರು, ಹಾಗೇ ನಡೆದುಕೊಂಡರು.

ಈಜುಕೊಳಕ್ಕೂ ಹೋಗಿ ಬೇರೆಯವರ ಕ್ಲಾಸ್ ನೋಡಿದೆ. ಕೇಳಿದರೆ ಒಳ್ಳೆಯವರು ಬಿಡುತ್ತಾರೆ. ಒಬ್ಬಳು ಹುಡುಗಿಗೆ ಮಾಸ್ಕಿನೊಳಗೆ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕುವುದು ಬರುತ್ತಿರಲಿಲ್ಲ. ಪ್ರತಿ ಸಲ ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದಳು. ಇನ್‌ಸ್ಟ್ರಕ್ಟರ್ ಅವಳನ್ನು ಬದಿಗೆ ಕರೆದು, ಸಿಲಿಂಡರ್ ಬಿಚ್ಚಿಸಿ, ಸೊಂಟದಷ್ಟು ನೀರಲ್ಲಿ ಬರೀ ಮಾಸ್ಕ್ ಹಾಕಿಸಿ ಮೊದಲಿಂದ ಹೇಳಿಕೊಟ್ಟರು. ಗಡಿಯಾರ ನೋಡಲಿಲ್ಲ, ದನಿ ಏರಿಸಲಿಲ್ಲ. ಬರುವ ವಾರ ಮತ್ತೆ ಬಾಮ್ಮ, ದುಡ್ಡು ಬೇಡ ಅಂದರು. ನಾನು ಅವತ್ತೇ ಸೇರಿದೆ.

ಅಡ್ವಾನ್ಸ್ ಕೊಡುವ ಮುಂಚೆ ಬೋಟು, ಸಲಕರಣೆ ಬಾಡಿಗೆ, ಕಾರ್ಡಿನ ಖರ್ಚು, ಮುರುಡೇಶ್ವರದ ರೂಮು ಯಾವುದು ಸೇರಿದೆ, ಯಾವುದು ಇಲ್ಲ ಅಂತ ಬರೆಸಿಕೊಳ್ಳಿ. ಸಮುದ್ರ ಒರಟಾಗಿ ಬೋಟು ಬಿಡದಿದ್ದರೆ ದುಡ್ಡು ಏನಾಗುತ್ತದೆ ಅನ್ನುವುದೂ ಅದರಲ್ಲಿರಲಿ. ಬೋಟಿನಲ್ಲಿ ಆಕ್ಸಿಜನ್ ಕಿಟ್ ಇರುತ್ತದಾ, ತೊಂದರೆಯಾದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ ಅಂತ ಕೇಳಿ. ತಡವರಿಸದೆ ಉತ್ತರ ಬರಬೇಕು.

ಸಲಕರಣೆ ಎಲ್ಲ ಬಾಡಿಗೆಗೆ ಸಿಗುತ್ತದೆ. ಮಾಸ್ಕ್ ಒಂದನ್ನು ಮಾತ್ರ ಸ್ವಂತ ತೆಗೆದುಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದರೆ ಕೈ ಬಿಟ್ಟರೂ ಬೀಳಬಾರದು. ಮೀಸೆ ಇರುವವರಿಗೆ ಅಲ್ಲಿಂದಲೇ ನೀರು ನುಗ್ಗುವುದು ಜಾಸ್ತಿ, ಹಾಗಾಗಿ ಅಂಗಡಿಯಲ್ಲಿ ನಾಲ್ಕಾರು ಹಾಕಿ ನೋಡಿಯೇ ಕೊಳ್ಳಿ.